ಕುಂದುಕೊರತೆ: ಸರ್ಕಾರಿ ಶಾಲೆಗೆ ಮಕ್ಕಳನ್ನು ಕಳಿಸುವವರು ತಿಳಿದಿರಬೇಕಾದ ಪದ

ಶಾಲೆಯಲ್ಲಿ ಏನೋ ಸರಿಯಿಲ್ಲ ಅನ್ನಿಸಿದಾಗ ನಮ್ಮಲ್ಲಿ ನಾಲ್ಕು ಪದಗಳು ಬಳಕೆಗೆ ಬರುತ್ತವೆ: ಮನವಿ, ಅಹವಾಲು, ದೂರು, ಕುಂದುಕೊರತೆ. ಮಾತಿನಲ್ಲಿ ಯಾವುದನ್ನು ಬಳಸಿದರೂ ನಡೆಯುತ್ತದೆ. ಕಚೇರಿಯ ಕಡತದಲ್ಲಿ ಮಾತ್ರ ಅವು ಒಂದೇ ಅಲ್ಲ. ಮನವಿ ಎಂದರೆ ಕೇಳಿಕೊಳ್ಳುವುದು. ಕೊಡುವುದು ಬಿಡುವುದು ಎದುರಿಗೆ ಕೂತವರ ಇಷ್ಟ. ಅಹವಾಲು ಎಂದರೆ ಕಷ್ಟ ತೋಡಿಕೊಳ್ಳುವುದು. ದೂರು ಎಂದರೆ ಮಾಡಬೇಕಾದ್ದನ್ನು ಮಾಡಿಲ್ಲ, ಇಲ್ಲವೇ ಮಾಡಬಾರದ್ದನ್ನು ಮಾಡಿದ್ದಾರೆ ಎಂದು ತಿಳಿಸುವುದು. ಕುಂದುಕೊರತೆ ಜೋಡುಪದ. ಇರುವುದರಲ್ಲಿನ ದೋಷ ಕುಂದು, ಇರಬೇಕಾದ್ದು ಇಲ್ಲದಿರುವುದು ಕೊರತೆ. ಮಕ್ಕಳಿಗೆ ಹೊಡೆಯುವ ಮೇಷ್ಟ್ರಿದ್ದರೆ ಅದು ಕುಂದು. ಗಣಿತಕ್ಕೆ ಮೇಷ್ಟ್ರೇ ಇಲ್ಲದಿದ್ದರೆ ಅದು ಕೊರತೆ.

ಈ ಪದಕ್ಕೆ ಕಾನೂನಿನ ಬಲ ಸಿಕ್ಕಿರುವುದು 2009ರ ಶಿಕ್ಷಣ ಹಕ್ಕು ಕಾಯ್ದೆಯ 32ನೇ ಕಲಮಿನಿಂದ. ಕಾಯ್ದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ಆ ಕಲಮು ಹೇಳುವುದು ಇಷ್ಟು: ಈ ಕಾಯ್ದೆಯಡಿ ಮಗುವಿಗಿರುವ ಹಕ್ಕಿನ ಬಗ್ಗೆ ಕುಂದುಕೊರತೆ ಇರುವ ಯಾವುದೇ ವ್ಯಕ್ತಿ ಆ ವ್ಯಾಪ್ತಿಯ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಡಬಹುದು. ಪ್ರಾಧಿಕಾರವು ಸಂಬಂಧಪಟ್ಟವರ ಮಾತು ಕೇಳಿ ಮೂರು ತಿಂಗಳೊಳಗೆ ತೀರ್ಮಾನಿಸಬೇಕು. ತೀರ್ಮಾನ ಒಪ್ಪಿಗೆಯಾಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಹೋಗಬಹುದು.

ಇದರಲ್ಲಿ ಮೂರು ಮಾತನ್ನು ಬಿಡಿಸಿ ನೋಡಬೇಕು. ಮೊದಲನೆಯದು 'ಯಾವುದೇ ವ್ಯಕ್ತಿ'. ದೂರು ಕೊಡಲು ಅಪ್ಪ ಅಮ್ಮನೇ ಆಗಬೇಕಿಲ್ಲ. ಅಜ್ಜಿ, ಸೋದರಮಾವ, ಪಕ್ಕದ ಮನೆಯವರು, ಊರಿನ ಯುವಕ ಸಂಘ, ಯಾರಾದರೂ ಕೊಡಬಹುದು. ತಮ್ಮ ಹೆಸರು ಮುಂದೆ ಬಂದರೆ ಮಗುವಿಗೆ ತೊಂದರೆಯಾದೀತು ಎಂದು ಅಂಜುವ ಕೂಲಿ ಕುಟುಂಬಗಳಿಗೆ ಇದು ದೊಡ್ಡ ಆಸರೆ. ಎರಡನೆಯದು 'ಲಿಖಿತ'. ಶಾಲೆಯ ಗೇಟಿನ ಬಳಿ ಆಡಿದ ಮಾತಿಗೂ ವಾಟ್ಸಾಪ್ ಗುಂಪಿಗೆ ಹಾಕಿದ ಸಂದೇಶಕ್ಕೂ ಈ ಮೂರು ತಿಂಗಳ ಗಡುವು ಅನ್ವಯಿಸುವುದಿಲ್ಲ. ಮೂರನೆಯದು 'ಈ ಕಾಯ್ದೆಯಡಿ ಮಗುವಿಗಿರುವ ಹಕ್ಕು'. ಮೇಷ್ಟ್ರು ಪೋಷಕರೊಡನೆ ಒರಟಾಗಿ ಮಾತಾಡಿದರು ಎಂಬುದು ನೋವಿನ ಸಂಗತಿಯೇ, ಆದರೆ ಅದಷ್ಟೇ ಇದ್ದರೆ 32ನೇ ಕಲಮಿಗೆ ಬರುವುದಿಲ್ಲ. ಮಗುವಿಗೆ ಏನು ತಪ್ಪಿತು ಎಂಬುದನ್ನು ದೂರು ತೋರಿಸಬೇಕು.

ಮಗುವಿನ ಹಕ್ಕುಗಳೇನು ಎಂಬುದೂ ಕಾಯ್ದೆಯಲ್ಲೇ ಇದೆ, ಅದೂ ಲೆಕ್ಕದ ಸಮೇತ. 1ರಿಂದ 5ನೇ ತರಗತಿವರೆಗೆ ಒಟ್ಟು 60ರವರೆಗೆ ಮಕ್ಕಳಿದ್ದರೆ 2 ಶಿಕ್ಷಕರು, 61ರಿಂದ 90ಕ್ಕೆ 3, 91ರಿಂದ 120ಕ್ಕೆ 4, 121ರಿಂದ 200ಕ್ಕೆ 5. ಮಕ್ಕಳು 150 ದಾಟಿದರೆ ಇದರ ಮೇಲೆ ಒಬ್ಬ ಮುಖ್ಯ ಶಿಕ್ಷಕರು. 6ರಿಂದ 8ನೇ ತರಗತಿಗೆ 35 ಮಕ್ಕಳಿಗೆ ಒಬ್ಬರಾದರೂ ಇರಬೇಕು. ವರ್ಷಕ್ಕೆ 1ರಿಂದ 5ಕ್ಕೆ 200 ಕೆಲಸದ ದಿನ, 6ರಿಂದ 8ಕ್ಕೆ 220. ಹಾಗಾಗಿ 'ಶಿಕ್ಷಕರು ಸಾಲದು' ಎಂದು ಬರೆಯುವ ಬದಲು 'ದಾಖಲಾತಿ 74, ಕಾಯ್ದೆಯ ಅನುಸೂಚಿಯಂತೆ 3 ಶಿಕ್ಷಕರಿರಬೇಕು, ಇರುವವರು 2' ಎಂದು ಬರೆಯಿರಿ. ಮೊದಲನೆಯದಕ್ಕೆ 'ಪರಿಶೀಲಿಸಲಾಗುವುದು' ಎಂದು ಉತ್ತರಿಸಿ ಕಡತ ಮುಚ್ಚಬಹುದು. ಎರಡನೆಯದಕ್ಕೆ ಲೆಕ್ಕವನ್ನೇ ಉತ್ತರವಾಗಿ ಕೊಡಬೇಕಾಗುತ್ತದೆ.

ಶಿಕ್ಷಕರ ವಿಷಯದಲ್ಲೇ ಹೆಚ್ಚಿನವರ ಕಣ್ಣು ತಪ್ಪಿಸುವ ಇನ್ನೊಂದಿದೆ: ನಿಯೋಜನೆ. ಹಾಜರಿ ಪುಸ್ತಕದಲ್ಲಿ ಮೂವರ ಹೆಸರಿರುತ್ತದೆ, ಒಬ್ಬರು ಬೇರೆ ಶಾಲೆಯಲ್ಲೋ ಕಚೇರಿಯಲ್ಲೋ ಕೆಲಸ ಮಾಡುತ್ತಿರುತ್ತಾರೆ. ಒಂದು ಶಾಲೆಗೆ ನೇಮಕಗೊಂಡ ಶಿಕ್ಷಕರನ್ನು ಬೇರೆ ಶಾಲೆಗೋ ಕಚೇರಿಗೋ ಹಾಕುವಂತಿಲ್ಲ ಎಂದು 25ನೇ ಕಲಂ ಹೇಳುತ್ತದೆ. ಬೋಧನೆಯಲ್ಲದ ಕೆಲಸಗಳಲ್ಲಿ 27ನೇ ಕಲಂ ಅವಕಾಶ ಕೊಡುವುದು ಜನಗಣತಿ, ವಿಕೋಪ ಪರಿಹಾರ, ಚುನಾವಣೆ ಈ ಮೂರಕ್ಕೆ ಮಾತ್ರ. ಆದ್ದರಿಂದ ಮಂಜೂರಾದ ಹುದ್ದೆ ಎಷ್ಟು ಎಂಬುದರ ಜೊತೆಗೆ ನಿಜವಾಗಿ ಪಾಠ ಮಾಡುತ್ತಿರುವವರು ಎಷ್ಟು ಎಂಬುದನ್ನೂ ಬರೆಯಬೇಕು.

ಉಳಿದ ಹಕ್ಕುಗಳನ್ನು ಬೇಗ ಹೇಳಬಹುದು. ವಯಸ್ಸಿನ ದಾಖಲೆ ಇಲ್ಲವೆಂದು ಸೇರಿಸಿಕೊಳ್ಳದೆ ಕಳಿಸುವಂತಿಲ್ಲ (ಕಲಂ 14). ಸೇರುವ ದಿನ ಮುಗಿಯಿತು ಎಂದೂ ಹೇಳುವಂತಿಲ್ಲ (ಕಲಂ 15). ವರ್ಗಾವಣೆ ಪತ್ರ, ಅಂದರೆ ಟಿಸಿ, ಕೇಳಿದ ಕೂಡಲೇ ಕೊಡಬೇಕು. ತಡ ಮಾಡುವ ಮುಖ್ಯ ಶಿಕ್ಷಕರ ಮೇಲೆ ಶಿಸ್ತುಕ್ರಮಕ್ಕೆ ಅವಕಾಶವಿದೆ. ಟಿಸಿ ಬರಲಿಲ್ಲವೆಂದು ಹೊಸ ಶಾಲೆ ದಾಖಲಾತಿ ನಿಲ್ಲಿಸುವಂತೆಯೂ ಇಲ್ಲ (ಕಲಂ 5). 'ಕಟ್ಟಡ ನಿಧಿ', 'ದೇಣಿಗೆ' ಎಂದು ಯಾವ ಹೆಸರಿನಲ್ಲಿ ಕೇಳಿದರೂ, ಹಣ ಕೊಟ್ಟರೇ ಸೀಟು ಎಂದಾದರೆ ಅದು 13ನೇ ಕಲಮಿನ ಉಲ್ಲಂಘನೆ. ಪಡೆದದ್ದರ ಹತ್ತು ಪಟ್ಟಿನವರೆಗೆ ದಂಡವಿದೆ. ಹೊಡೆಯುವುದಷ್ಟೇ ಅಲ್ಲ, ಮಾನಸಿಕ ಕಿರುಕುಳವೂ 17ನೇ ಕಲಮಿನಡಿ ನಿಷಿದ್ಧ. ಮಗುವಿನ ಹಾಜರಿ, ಕಲಿಕೆ, ಪ್ರಗತಿಯ ಬಗ್ಗೆ ಪೋಷಕರ ಸಭೆ ಕರೆದು ತಿಳಿಸುವುದು 24ನೇ ಕಲಮಿನಂತೆ ಶಿಕ್ಷಕರ ಕರ್ತವ್ಯ. ಅದಕ್ಕಾಗಿ ಪೋಷಕರು ಕೈಮುಗಿದು ನಿಲ್ಲಬೇಕಾಗಿಲ್ಲ.

ಬಿಸಿಯೂಟದ ದಾರಿ ಸ್ವಲ್ಪ ಬೇರೆ. ಅದು 2013ರ ಆಹಾರ ಭದ್ರತಾ ಕಾಯ್ದೆಯ ಕೆಳಗೆ, 2015ರ ನಿಯಮಗಳಂತೆ ನಡೆಯುತ್ತದೆ. ಆ ನಿಯಮಗಳ ಪ್ರಕಾರ ಕಿರಿಯ ಮಕ್ಕಳಿಗೆ ದಿನಕ್ಕೆ 100 ಗ್ರಾಂ ಧಾನ್ಯ, 6ರಿಂದ 8ರವರಿಗೆ 150 ಗ್ರಾಂ. ಸತತ ಮೂರು ಶಾಲಾ ದಿನ, ಅಥವಾ ತಿಂಗಳಲ್ಲಿ ಐದು ದಿನ ಊಟ ತಪ್ಪಿದರೆ ಯಾರ ಹೊಣೆ ಎಂದು ಸರ್ಕಾರ ಗೊತ್ತುಮಾಡಬೇಕು. ತಪ್ಪಿದ ದಿನಗಳಿಗೆ ಮಕ್ಕಳಿಗೆ ಆಹಾರ ಭದ್ರತಾ ಭತ್ಯೆ ಸಲ್ಲಬೇಕು. ಆದ್ದರಿಂದ ಊಟ ಯಾವ ಯಾವ ತಾರೀಖು ಇರಲಿಲ್ಲ ಎಂಬುದನ್ನು ಬರೆದಿಟ್ಟುಕೊಳ್ಳುವುದು ಬಹಳ ಮುಖ್ಯ.

ಇನ್ನು ದೂರು ಕೊಡುವ ಬಗೆ. ಸಣ್ಣಪುಟ್ಟದ್ದು ಮುಖ್ಯ ಶಿಕ್ಷಕರೊಡನೆ ಮಾತಾಡಿದರೇ ಮುಗಿಯುತ್ತದೆ, ಮುಗಿಯಲಿ. ಮುಗಿಯದಿದ್ದರೆ ಎಸ್‌ಡಿಎಂಸಿಯ ಮುಂದಿಡಿ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಎಂಬುದು ಇದರ ಪೂರ್ತಿ ಹೆಸರು. ಶಿಕ್ಷಣ ಹಕ್ಕು ಕಾಯ್ದೆ ಬರುವ ಮೊದಲೇ, 2001ರಿಂದ, ಇದು ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿದೆ. ಕಾಯ್ದೆಯ 21ನೇ ಕಲಮಿನಂತೆ ಸಮಿತಿಯ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು, ಹಿಂದುಳಿದ ಮತ್ತು ದುರ್ಬಲ ವರ್ಗದ ಮಕ್ಕಳ ಪೋಷಕರಿಗೆ ಮಕ್ಕಳ ಪ್ರಮಾಣಕ್ಕೆ ತಕ್ಕ ಸ್ಥಾನವಿರಬೇಕು. ಅನುದಾನ ಹೇಗೆ ಖರ್ಚಾಯಿತೆಂದು ನೋಡುವುದೂ ಇದರ ಕೆಲಸ. ಸಭೆಯಲ್ಲಿ ವಿಷಯ ಪ್ರಸ್ತಾಪಿಸಿದರೆ ಸಾಲದು, ಅದು ನಡವಳಿ ಪುಸ್ತಕದಲ್ಲಿ ದಾಖಲಾಗುವಂತೆ ನೋಡಿಕೊಳ್ಳಿ. ನಡವಳಿಯ ಆ ಪುಟ ಮುಂದೆ ಗಟ್ಟಿ ಸಾಕ್ಷಿಯಾಗುತ್ತದೆ. ಶಿಕ್ಷಕರ ನೇಮಕ ಎಸ್‌ಡಿಎಂಸಿಯ ಕೈಯಲ್ಲೂ ಇಲ್ಲ, ಮುಖ್ಯ ಶಿಕ್ಷಕರ ಕೈಯಲ್ಲೂ ಇಲ್ಲ. ಅಂಥ ಕೊರತೆಗೆ ಅವರೊಡನೆ ಜಗಳ ಕಾದು ಸಂಬಂಧ ಕೆಡಿಸಿಕೊಳ್ಳಬಾರದು. ಅವರೂ ನಮ್ಮೊಡನೆ ಸಹಿ ಹಾಕುವವರೇ.

ಸ್ಥಳೀಯ ಪ್ರಾಧಿಕಾರ ಎಂದರೆ ಯಾರು? ಕಾಯ್ದೆಯ ಅರ್ಥ ವಿವರಣೆಯಲ್ಲಿ ಪಂಚಾಯಿತಿ, ಜಿಲ್ಲಾ ಪಂಚಾಯಿತಿ, ಪುರಸಭೆ, ಮಹಾನಗರ ಪಾಲಿಕೆಗಳ ಜೊತೆಗೆ ಶಾಲೆಯ ಮೇಲೆ ಆಡಳಿತ ನಿಯಂತ್ರಣ ಹೊಂದಿರುವ ಪ್ರಾಧಿಕಾರವೂ ಸೇರಿದೆ. ಹಾಗಾಗಿ ದೂರನ್ನು ಕ್ಷೇತ್ರ ಶಿಕ್ಷಣಾಧಿಕಾರಿಗೆ, ಅಂದರೆ ಬಿಇಒ ಅವರಿಗೆ ಬರೆದು, ಗ್ರಾಮ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿಗೂ (ಪಿಡಿಒ) ಶಿಕ್ಷಣ ಇಲಾಖೆಯ ಜಿಲ್ಲಾ ಉಪನಿರ್ದೇಶಕರಿಗೂ ಪ್ರತಿ ಕೊಡುವುದು ಕ್ಷೇಮ. ಆಗ 'ಇದು ನಮ್ಮ ವ್ಯಾಪ್ತಿಯಲ್ಲ' ಎಂದು ಒಂದು ಕಚೇರಿಯಿಂದ ಇನ್ನೊಂದಕ್ಕೆ ಅಲೆಸುವುದು ತಪ್ಪುತ್ತದೆ.

ವಿಷಯದ ಸಾಲಿನಲ್ಲೇ 'ಶಿಕ್ಷಣ ಹಕ್ಕು ಕಾಯ್ದೆ 2009ರ ಕಲಂ 32ರಡಿ ದೂರು' ಎಂದು ಬರೆಯಿರಿ. ಈ ಒಂದು ಸಾಲು ಇಲ್ಲದ ಪತ್ರ ಮನವಿಗಳ ಕಟ್ಟಿಗೆ ಸೇರಿಹೋಗುತ್ತದೆ. ಆಮೇಲೆ ಶಾಲೆಯ ಹೆಸರು, ಯು-ಡೈಸ್ ಸಂಖ್ಯೆ (ಪ್ರತಿ ಶಾಲೆಗೂ ಇರುವ ಗುರುತಿನ ಸಂಖ್ಯೆ) ಗೊತ್ತಿದ್ದರೆ ಅದು, ತರಗತಿ, ಏನಾಯಿತು, ಯಾವ ತಾರೀಖು, ಯಾರಿಗೆ ಮೊದಲು ಹೇಳಿದಿರಿ, ಏನಾಗಬೇಕು. ಒಂದು ದೂರಿಗೆ ಒಂದೇ ವಿಷಯ. ಶೌಚಾಲಯ, ಬಿಸಿಯೂಟ, ಶಿಕ್ಷಕರ ಕೊರತೆ ಎಲ್ಲವನ್ನೂ ಒಂದೇ ಹಾಳೆಗೆ ತುಂಬಿದರೆ ಸುಲಭದ್ದೊಂದಕ್ಕೆ ಉತ್ತರ ಬರೆದು ಉಳಿದದ್ದನ್ನು ಬಿಡುತ್ತಾರೆ. ಹತ್ತಾರು ಪೋಷಕರು ಸೇರಿ ಸಹಿ ಹಾಕಿದರೆ ಒಬ್ಬರ ಮೇಲೆ ಒತ್ತಡ ಬೀಳುವುದಿಲ್ಲ. ಹೆಸರಿಲ್ಲದ ದೂರು ಬೇಡ. ವಿಚಾರಣೆಗೆ ಯಾರನ್ನು ಕರೆಯಬೇಕೆಂದೇ ತಿಳಿಯದೆ ಅದು ನಿಂತುಹೋಗುತ್ತದೆ. ಎರಡು ಪ್ರತಿ ಒಯ್ದು, ನಿಮ್ಮ ಪ್ರತಿಯ ಮೇಲೆ ಕಚೇರಿಯ ಸೀಲು, ತಾರೀಖು, ಸಹಿ ಹಾಕಿಸಿಕೊಳ್ಳಿ. ತೆಗೆದುಕೊಳ್ಳಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಜೋಪಾನ ಮಾಡಿ.

1902ಕ್ಕೆ ಕರೆ ಮಾಡಿ ರಾಜ್ಯ ಸರ್ಕಾರದ ಸಾರ್ವಜನಿಕ ಕುಂದುಕೊರತೆ ನಿವಾರಣಾ ವ್ಯವಸ್ಥೆಯಾದ ಜನಸ್ಪಂದನದಲ್ಲಿ ದೂರು ದಾಖಲಿಸುವುದೂ ಒಂದು ದಾರಿ, ಅಲ್ಲಿ ನೋಂದಣಿ ಸಂಖ್ಯೆ ಸಿಗುತ್ತದೆ. ಅದರ ಪೂರ್ತಿ ಹೆಸರಿನಲ್ಲೂ ಕುಂದುಕೊರತೆ ಎಂಬ ಪದವಿದೆ. ಆದರೆ ಅದು 32ನೇ ಕಲಮಿನ ಲಿಖಿತ ದೂರಿಗೆ ಬದಲಿಯಲ್ಲ.

ದಾಖಲೆ ಬೇಕಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. ಕರ್ನಾಟಕದಲ್ಲಿ ಅರ್ಜಿ ಶುಲ್ಕ 10 ರೂಪಾಯಿ, ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಇದನ್ನು ಮೀರಿದ ಅರ್ಜಿ ತಿರಸ್ಕೃತವಾಗಬಹುದು. ಉತ್ತರಕ್ಕೆ 30 ದಿನ. 'ಏಕೆ ಶಿಕ್ಷಕರಿಲ್ಲ' ಎಂದು ಕೇಳಬೇಡಿ, ಕಾರಣ ಕೇಳಿದರೆ ಮಾಹಿತಿಯಲ್ಲ ಎನ್ನುತ್ತಾರೆ. 'ಮಂಜೂರಾದ ಹುದ್ದೆಗಳ ಪಟ್ಟಿ ಮತ್ತು ನಿಯೋಜನೆ ಆದೇಶಗಳ ಪ್ರತಿ ಕೊಡಿ' ಎಂದು ಕೇಳಿ.

ಒಂದು ಸಂಗತಿಯನ್ನು ಮಾತ್ರ ಕುಂದುಕೊರತೆಯ ಸಾಲಿಗೆ ತರಲೇಬಾರದು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂಬ ಅನುಮಾನವಿದ್ದರೂ ಎಸ್‌ಡಿಎಂಸಿ ಸಭೆ, ರಾಜಿ ಪಂಚಾಯಿತಿ, ಬಿಇಒ ವರದಿ ಎಂದು ಕಾಯಬೇಡಿ. 2012ರ ಪೋಕ್ಸೊ ಕಾಯ್ದೆಯಂತೆ ಅದು ನೇರ ಪೊಲೀಸರಿಗೆ ಹೋಗಬೇಕು; ತಿಳಿದೂ ತಿಳಿಸದ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಜೈಲು ಶಿಕ್ಷೆಯಿದೆ. 112ಕ್ಕೋ ಮಕ್ಕಳ ಸಹಾಯವಾಣಿ 1098ಕ್ಕೋ ಕರೆ ಮಾಡಿ. ಮಗುವಿನ ಹೆಸರು ಯಾವ ವಾಟ್ಸಾಪ್ ಗುಂಪಿಗೂ ಬರದಿರಲಿ.

ಮೂರು ತಿಂಗಳು ಕಳೆದರೂ ತೀರ್ಮಾನವೇ ಬರದಿದ್ದರೆ ಮೇಲ್ಮನವಿ ಯಾವುದರ ಮೇಲೆ ಎಂಬ ಗೊಂದಲ ಹಲವರಿಗೆ. ಆಗ 31ನೇ ಕಲಂ ನೆರವಿಗೆ ಬರುತ್ತದೆ. ಮಗುವಿನ ಶಿಕ್ಷಣ ಹಕ್ಕಿನ ದೂರುಗಳನ್ನು ನೇರವಾಗಿ ವಿಚಾರಿಸುವ ಅಧಿಕಾರ ಆಯೋಗಕ್ಕಿದೆ. ಬೆಂಗಳೂರಿನಲ್ಲಿರುವ ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಕನ್ನಡದಲ್ಲೇ ಬರೆದು, ಸೀಲಿರುವ ಪ್ರತಿ, ನಡವಳಿಯ ಪುಟ, ತಾರೀಖುಗಳ ಪಟ್ಟಿ ಲಗತ್ತಿಸಿ. ಅಧಿಕಾರಿಗಳನ್ನು ಕರೆಸಿ ದಾಖಲೆ ತರಿಸಿಕೊಳ್ಳಲು ಆಯೋಗಕ್ಕೆ ಸಿವಿಲ್ ನ್ಯಾಯಾಲಯದಂಥ ಅಧಿಕಾರವಿದೆ.

9 ಮತ್ತು 10ನೇ ತರಗತಿಯ ಮಕ್ಕಳಿರುವವರು ಗಮನಿಸಬೇಕಾದ್ದು: ಶಿಕ್ಷಣ ಹಕ್ಕು ಕಾಯ್ದೆಯ ವ್ಯಾಪ್ತಿ 6ರಿಂದ 14 ವರ್ಷ, 8ನೇ ತರಗತಿವರೆಗೆ. ಪ್ರೌಢಶಾಲೆಯ ವಿಷಯಕ್ಕೆ ಕಲಂ 32 ಎಂದು ಬರೆದರೆ ಅದೇ ಕಾರಣಕ್ಕೆ ದೂರು ಹಿಂದಿರುಗಬಹುದು. ಆಗ ಬಿಇಒ ಮತ್ತು ಉಪನಿರ್ದೇಶಕರಿಗೆ ಸಾಮಾನ್ಯ ಲಿಖಿತ ದೂರು ಕೊಡಿ. 18 ವರ್ಷದೊಳಗಿನ ಎಲ್ಲ ಮಕ್ಕಳ ವಿಷಯವನ್ನೂ ಆಯೋಗ ವಿಚಾರಿಸಬಲ್ಲದು.