ಫಿಟ್ಸ್ ಬಂದವರನ್ನು ಒತ್ತಿ ಹಿಡಿಯಬೇಡಿ

ಮೂರ್ಛೆ ಬಂದು ಬಿದ್ದವರನ್ನು ನನ್ನ ಬಳಿಗೆ ಕರೆತಂದಾಗ ಮೈಮೇಲಿನ ಗಾಯಗಳನ್ನು ಎರಡು ಗುಂಪು ಮಾಡಿಕೊಳ್ಳುವುದು ನನ್ನ ರೂಢಿ. ನಾಲಗೆಯ ಅಂಚಿನಲ್ಲಿ ಕಚ್ಚಿಕೊಂಡ ಗುರುತು, ಹಣೆಯ ಪೆಟ್ಟು, ಕೆಲವೊಮ್ಮೆ ಜಾರಿದ ಭುಜದ ಕೀಲು, ಇವೆಲ್ಲ ಕಾಯಿಲೆ ಮಾಡಿದ್ದು. ಮಣಿಕಟ್ಟಿನ ಸುತ್ತ ತರಚಿದ ಚರ್ಮ, ಬಾಯಿಗೆ ಚಮಚ ತುರುಕಿದ್ದರಿಂದ ಮುರಿದ ಮುಂದಿನ ಹಲ್ಲು, ಬೆನ್ನಿನ ಮೇಲೆ ಮೊಣಕಾಲು ಊರಿದ ಕಂದಿದ ಗುರುತು, ಇವು ಸಹಾಯಕ್ಕೆ ಬಂದವರು ಮಾಡಿದ್ದು. ಎರಡನೆಯ ಗುಂಪಿನ ಗಾಯಗಳಲ್ಲಿ ಒಂದೂ ಆಗಬೇಕಾಗಿರಲಿಲ್ಲ.

ಬಸ್ ನಿಲ್ದಾಣದಲ್ಲೋ ಸಿಗ್ನಲ್ ಬಳಿಯೋ ಒಬ್ಬರಿಗೆ ಫಿಟ್ಸ್ ಬಂದರೆ, ಸುತ್ತಲಿನ ಜನರನ್ನು ಬಿಟ್ಟರೆ ಮೊದಲು ತಲುಪುವವರು ಸಾಮಾನ್ಯವಾಗಿ ಸಂಚಾರ ಪೊಲೀಸರು ಅಥವಾ ಬೀಟ್ ಕಾನ್‌ಸ್ಟೆಬಲ್. 108 ಬರುವುದು ಆಮೇಲೆ. ಈ ಇಬ್ಬರ ಕೆಲಸವನ್ನೂ ಆಸ್ಪತ್ರೆಯ ಬಾಗಿಲಲ್ಲಿ ನಿಂತು ನೋಡಿದ ನನಗೆ ಅನ್ನಿಸುವುದು ಇಷ್ಟು: ಪೊಲೀಸರು ಮಾಡಬೇಕಾದ್ದಕ್ಕಿಂತ ಹೆಚ್ಚು ಮಾಡುತ್ತಾರೆ, ಆಂಬುಲೆನ್ಸ್ ಸಿಬ್ಬಂದಿ ಮಾಡಬೇಕಾದ್ದಕ್ಕಿಂತ ಕಡಿಮೆ ಮಾಡುತ್ತಾರೆ. ಇದು ತಿರುವುಮುರುವಾಗಬೇಕು.

ಕೈಗೆ ಕಬ್ಬಿಣ ಕೊಟ್ಟರೆ ಫಿಟ್ಸ್ ನಿಲ್ಲುತ್ತದೆ ಎಂಬ ನಂಬಿಕೆಯಿಂದಲೇ ಶುರುಮಾಡುತ್ತೇನೆ. ಈ ಬಗ್ಗೆ ಕಾನ್‌ಸ್ಟೆಬಲ್‌ಗಳೊಂದಿಗೆ ವಾದಿಸಿ ಗೆಲ್ಲುವುದು ಸುಲಭವಲ್ಲ, ಏಕೆಂದರೆ ಅವರು ಕಣ್ಣಾರೆ ಕಂಡಿದ್ದಾರೆ. ಬೀಗದ ಕೈಗಳ ಗೊಂಚಲನ್ನು ಕೈಗೆ ಕೊಟ್ಟರು, ಫಿಟ್ಸ್ ನಿಂತಿತು. ಅವರು ಕಂಡದ್ದು ಸುಳ್ಳೇನೂ ಅಲ್ಲ. ಇಡೀ ಮೈ ಅದುರುವ ಫಿಟ್ಸ್ ಬಹುತೇಕ ಒಂದರಿಂದ ಮೂರು ನಿಮಿಷದೊಳಗೆ ತಾನಾಗಿಯೇ ನಿಲ್ಲುತ್ತದೆ. ಜನ ಸೇರಿ, ಯಾರೋ ಕೂಗಿ, ಇನ್ಯಾರೋ ಜೇಬು ತಡಕಿ ಬೀಗದ ಕೈ ಹೊರತೆಗೆಯುವ ಹೊತ್ತಿಗೆ ಅದು ನಿಲ್ಲುವ ಸಮಯವೇ ಆಗಿರುತ್ತದೆ. ಈರುಳ್ಳಿಗೂ ಚಪ್ಪಲಿಗೂ ಬಂದಿರುವ ಕೀರ್ತಿ ಇದೇ ದಾರಿಯಲ್ಲಿ ಬಂದದ್ದು. ಇದರಿಂದ ದೊಡ್ಡ ಹಾನಿಯಿಲ್ಲ ಎಂದು ಸುಮ್ಮನಿರಬಹುದಿತ್ತು. ಆದರೆ ಕಬ್ಬಿಣ ಹುಡುಕುವವರು ಗಡಿಯಾರ ನೋಡುವುದಿಲ್ಲ. ಫಿಟ್ಸ್ ಎಷ್ಟು ನಿಮಿಷ ನಡೆಯಿತು ಎಂಬ ಒಂದೇ ಒಂದು ಮಾಹಿತಿಯ ಮೇಲೆ ಮುಂದಿನ ಚಿಕಿತ್ಸೆಯೆಲ್ಲ ನಿಂತಿರುತ್ತದೆ, ಅದನ್ನು ಕೇಳಿದರೆ ಯಾರ ಬಳಿಯೂ ಉತ್ತರವಿರುವುದಿಲ್ಲ.

ಪೊಲೀಸರಿಂದ ನನಗೆ ಬೇಕಾದದ್ದು ಸ್ವಲ್ಪವೇ. ಶುರುವಾದ ಸಮಯ ನೋಡಿಕೊಳ್ಳಲಿ. ವಾಹನಗಳನ್ನೂ ಜನರನ್ನೂ ದೂರವಿಡಲಿ; ಈ ಕೆಲಸವನ್ನು ಅವರಷ್ಟು ಚೆನ್ನಾಗಿ ಯಾರೂ ಮಾಡಲಾರರು. ತಲೆಯ ಕೆಳಗೆ ಟವೆಲ್ಲೋ ಮಡಿಸಿದ ಜಾಕೆಟ್ಟೋ ಇಡಲಿ. ಅದುರುವುದು ಕಡಿಮೆಯಾಗುತ್ತಲೇ ಮಗ್ಗುಲಿಗೆ ತಿರುಗಿಸಿ ಮಲಗಿಸಲಿ, ಜೊಲ್ಲು ಹೊರಗೆ ಹರಿಯಲಿ. ಬಾಯಿಗೆ ಏನನ್ನೂ ಹಾಕಬಾರದು, ನೀರನ್ನೂ ಕೂಡ. ಕೈಕಾಲು ಹಿಡಿಯಬಾರದು. ನಾಲಗೆ ನುಂಗಿಹೋಗುವುದಿಲ್ಲ, ಆ ಭಯವನ್ನು ಬಿಟ್ಟುಬಿಡಬಹುದು.

ನಿಜವಾದ ತಕರಾರು ಶುರುವಾಗುವುದು ಅದುರುವಿಕೆ ನಿಂತ ಮೇಲೆ. ಆಗ ಕಣ್ಣು ತೆರೆದಿರುತ್ತದೆ, ಆದರೆ ಮನುಷ್ಯ ಇನ್ನೂ ಪೂರ್ತಿ ಎಚ್ಚರಗೊಂಡಿರುವುದಿಲ್ಲ. ಕೇಳಿದ ಪ್ರಶ್ನೆಗೆ ಉತ್ತರವಿಲ್ಲ, ಮಾತು ತೊದಲು, ನಡಿಗೆ ವಾಲು. ಕೆಲವರಿಗೆ ಒಂದು ಕಡೆಯ ಕೈಕಾಲು ಸ್ವಲ್ಪ ಹೊತ್ತು ಬಲವಿಲ್ಲದೆ ಬಿದ್ದಿರುತ್ತದೆ. ಈ ಮಂಪರು ಐದು ನಿಮಿಷವೂ ಇರಬಹುದು, ಒಂದು ಗಂಟೆಯೂ ಇರಬಹುದು; ವಯಸ್ಸಾದವರಲ್ಲಿ ಇನ್ನೂ ಹೆಚ್ಚು. ಈ ಹೊತ್ತಿನಲ್ಲಿ ಯಾರಾದರೂ ತೋಳು ಹಿಡಿದು ಎಳೆದರೆ ದೇಹ ಕೊಸರಿಕೊಳ್ಳುತ್ತದೆ. ಅದು ನಿರ್ಧಾರವಲ್ಲ, ಪ್ರತಿವರ್ತನೆ. ಹಿಡಿದವರಿಗೆ ಅದು ಎದುರುಬಿದ್ದಂತೆ ಕಾಣುತ್ತದೆ, ಅವರು ಬಿಗಿ ಹೆಚ್ಚಿಸುತ್ತಾರೆ, ಕೊಸರಾಟವೂ ಹೆಚ್ಚುತ್ತದೆ. ಇಬ್ಬರಿದ್ದ ಕಡೆ ನಾಲ್ವರಾಗುತ್ತಾರೆ. ಕೈಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದಿದ್ದರೆ ಅಲ್ಲಿಗೇ ಮುಗಿಯುತ್ತಿದ್ದ ಪ್ರಸಂಗ ಠಾಣೆಯವರೆಗೆ ಹೋಗುತ್ತದೆ.

ಇನ್ನೊಂದು ಬಗೆಯ ಫಿಟ್ಸ್ ಇದೆ, ಅದರಲ್ಲಿ ಯಾರೂ ಬೀಳುವುದೇ ಇಲ್ಲ. ಮೆದುಳಿನ ಒಂದು ಭಾಗದಲ್ಲಿ, ಬಹಳ ಸಲ ಕಿವಿಯ ಮೇಲ್ಭಾಗದ ಟೆಂಪೊರಲ್ ಹಾಲೆಯಲ್ಲಿ, ಅದು ಹುಟ್ಟುತ್ತದೆ. ರೋಗಿ ಶೂನ್ಯದತ್ತ ನೋಡುತ್ತಾ ತುಟಿ ಚಪ್ಪರಿಸುತ್ತಾನೆ, ಗುಂಡಿ ಬಿಚ್ಚಿ ಹಾಕುತ್ತಾನೆ, ಎದುರಿಗಿದ್ದ ವಸ್ತುವನ್ನು ಎತ್ತಿಕೊಂಡು ನಡೆದುಬಿಡುತ್ತಾನೆ. ಅಂಗಡಿಯವರಿಗೆ ಅವನು ಕಳ್ಳ, ಬಸ್ಸಿನಲ್ಲಿ ಪಕ್ಕದ ಸೀಟಿನವರಿಗೆ ಅಸಭ್ಯ, ಪೊಲೀಸರಿಗೆ ಕುಡುಕ. ಎರಡು ಮೂರು ನಿಮಿಷ ಕಾದರೆ ಅವನೇ ‘ನಾನು ಇಲ್ಲಿಗೆ ಹೇಗೆ ಬಂದೆ?’ ಎಂದು ಕೇಳುತ್ತಾನೆ. ಕಾಯುವ ತಾಳ್ಮೆ ಸಾಮಾನ್ಯವಾಗಿ ಯಾರಿಗೂ ಇರುವುದಿಲ್ಲ.

ಕುಡಿದಿದ್ದಾನೆ ಎಂಬ ತೀರ್ಮಾನ ಎಷ್ಟು ಬೇಗ ಬರುತ್ತದೆ, ಎಷ್ಟು ದೂರ ಒಯ್ಯುತ್ತದೆ ಎಂಬುದಕ್ಕೆ ಅಮೆರಿಕದ ಒಂದು ಪ್ರಕರಣ ನೆನಪಿಸಿಕೊಳ್ಳಬೇಕು. ಅದು ಫಿಟ್ಸ್ ಅಲ್ಲ, ಸಕ್ಕರೆ ಕುಸಿತ. ಆದರೆ ಬೀದಿಯಲ್ಲಿ ಎರಡೂ ಕಾಣುವುದು ಒಂದೇ ಥರ. 1984ರಲ್ಲಿ ನಾರ್ತ್ ಕೆರೊಲಿನಾದ ಷಾರ್ಲಟ್ ನಗರದಲ್ಲಿ ಡಿಥೋರ್ನ್ ಗ್ರಹಾಂ ಎಂಬ ಮಧುಮೇಹಿ, ಸಕ್ಕರೆ ಇಳಿಯುತ್ತಿದೆ ಎಂದು ತಿಳಿದು ಕಿತ್ತಳೆ ರಸ ಕೊಳ್ಳಲು ಗೆಳೆಯನ ಕಾರಿನಲ್ಲಿ ಅಂಗಡಿಗೆ ಹೋದರು. ಸಾಲು ಉದ್ದವಿತ್ತು, ಅವಸರದಲ್ಲಿ ಹೊರಬಂದರು. ಅದನ್ನು ನೋಡಿದ ಪೊಲೀಸ್ ಅಧಿಕಾರಿಗೆ ಅನುಮಾನ ಬಂದು ಕಾರು ತಡೆದರು. ಗೆಳೆಯ ಸಕ್ಕರೆ ಕಾಯಿಲೆ ಎಂದು ಹೇಳಿದರೂ, ಬಂದ ಇತರ ಪೊಲೀಸರು ಅದನ್ನು ಕುಡಿತವೆಂದೇ ನಂಬಿ ಕೈಕೋಳ ಹಾಕಿದರು. ಇನ್ನೊಬ್ಬ ಗೆಳೆಯ ಹಣ್ಣಿನ ರಸ ತಂದುಕೊಟ್ಟರೂ ಕುಡಿಯಲು ಬಿಡಲಿಲ್ಲ. ಅಂಗಡಿಯಲ್ಲಿ ಏನೂ ನಡೆದಿಲ್ಲವೆಂದು ಗೊತ್ತಾಗಿ ಮನೆಗೆ ಬಿಡುವಷ್ಟರಲ್ಲಿ ಪಾದದ ಮೂಳೆ ಮುರಿದಿತ್ತು, ಮಣಿಕಟ್ಟು ಕೊಯ್ದಿತ್ತು, ಭುಜಕ್ಕೆ ಪೆಟ್ಟಾಗಿತ್ತು. 1989ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಬಲಪ್ರಯೋಗವನ್ನು ಸ್ಥಳದಲ್ಲಿದ್ದ ವಿವೇಕವಂತ ಅಧಿಕಾರಿಯ ಕಣ್ಣಿನಿಂದ ಅಳೆಯಬೇಕು, ಆಮೇಲೆ ತಿಳಿದುಬಂದ ಸತ್ಯದಿಂದಲ್ಲ ಎಂದು ಹೇಳಿತು. ಅಮೆರಿಕದ ಪೊಲೀಸ್ ಬಲಪ್ರಯೋಗದ ಮೊಕದ್ದಮೆಗಳಿಗೆಲ್ಲ ಇಂದಿಗೂ ಅದೇ ಅಳತೆಗೋಲು. ವೈದ್ಯನಾಗಿ ನನಗೆ ಅದರಲ್ಲಿ ಕಾಣುವ ವ್ಯಂಗ್ಯವೆಂದರೆ, ಸ್ಥಳದಲ್ಲಿದ್ದ ಅಧಿಕಾರಿಗೆ ಸತ್ಯವನ್ನು ಸ್ಥಳದಲ್ಲೇ ಹೇಳಲಾಗಿತ್ತು.

ಹಾಗಾದರೆ ಫಿಟ್ಸ್ ಬಂದವರು ಹಲ್ಲೆ ಮಾಡುವುದೇ ಇಲ್ಲವೇ ಎಂದು ತರಬೇತಿಗಳಲ್ಲಿ ಪೊಲೀಸರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಇಂಗ್ಲೆಂಡಿನ ಸಲಿವನ್ ಪ್ರಕರಣದಲ್ಲಿ ಮೂರ್ಛೆಯ ಕೊನೆಯ ಹಂತದಲ್ಲಿದ್ದವನೊಬ್ಬ ಎಂಬತ್ತರ ವಯಸ್ಸಿನ ಪರಿಚಿತರನ್ನು ಒದ್ದು ಗಾಯಗೊಳಿಸಿದ್ದ. 1983ರಲ್ಲಿ, ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಅದನ್ನು ಕಾನೂನಿನ ಮಟ್ಟಿಗೆ ಬುದ್ಧಿಭ್ರಮಣೆಯ ಖಾನೆಗೆ ಸೇರಿಸಿತು. ಇಂಥವು ಇವೆ. ಆದರೆ ಗುರಿಯಿಟ್ಟು, ಯೋಚಿಸಿ ಮಾಡುವ ಹಲ್ಲೆ ಫಿಟ್ಸ್‌ನ ನಡುವೆ ಅತ್ಯಂತ ಅಪರೂಪ ಎಂದು 1981ರಲ್ಲೇ ಅಂತರರಾಷ್ಟ್ರೀಯ ತಜ್ಞರ ತಂಡವೊಂದು ವಿಡಿಯೊ ದಾಖಲೆಗಳನ್ನು ಪರಿಶೀಲಿಸಿ ಹೇಳಿದೆ. ನಾವು ವಾರ್ಡಿನಲ್ಲಿ ನೋಡುವುದೂ ಹಾಗೆಯೇ: ಹಿಡಿಯದಿದ್ದರೆ ಹೊಡೆತವಿಲ್ಲ.

ಹಿಡಿಯುವುದರಲ್ಲಿಯೂ ಬೋರಲು ಮಲಗಿಸಿ ಬೆನ್ನಿನ ಮೇಲೆ ಭಾರ ಹಾಕುವುದು ಅತಿ ಕೆಟ್ಟದ್ದು. ಎರಡು ನಿಮಿಷ ಇಡೀ ದೇಹದ ಸ್ನಾಯುಗಳು ಒಟ್ಟಿಗೆ ದುಡಿದಾಗ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಏರುತ್ತದೆ. ಫಿಟ್ಸ್ ನಿಂತ ಮೇಲೆ ರೋಗಿ ಗೊರಗೊರ ಏದುಸಿರು ಬಿಡುವುದು ಅದನ್ನು ಸರಿದೂಗಿಸಲು. ಆ ಉಸಿರಿಗೆ ಎದೆಯೂ ಹೊಟ್ಟೆಯೂ ಬಿಡುವಾಗಿ ಆಡಬೇಕು. ಬೋರಲು ಮಲಗಿಸಿ ಮೇಲೆ ಕುಳಿತರೆ ಆಡುವುದಿಲ್ಲ. ಮೂರ್ಛೆ ರೋಗಿಗಳಲ್ಲಿ ಹಠಾತ್ತನೆ ಸಾಯುವವರಲ್ಲಿ ಹೆಚ್ಚಿನವರು ಬೋರಲಾಗಿಯೇ ಸಿಗುತ್ತಾರೆ, ಅದೂ ಯಾರೂ ಮೇಲೆ ಕೂರದೆಯೇ. ಕೈಕೋಳ ಹಾಕಿದ ಕೂಡಲೇ ಬೋರಲಿನಿಂದ ಎಬ್ಬಿಸಿ ಎಂದು ಅಮೆರಿಕದ ನ್ಯಾಯ ಇಲಾಖೆ 1995ರಲ್ಲಿಯೇ ಪೊಲೀಸರಿಗೆ ಸೂಚಿಸಿತ್ತು. ಆದರೂ ಹೀಗೆ ಸತ್ತವರ ಕಡತಗಳಲ್ಲಿ ‘ಎಕ್ಸೈಟೆಡ್ ಡೆಲಿರಿಯಂ’ (ವಿಪರೀತ ಉದ್ರೇಕದ ಮತಿಭ್ರಮೆ) ಎಂಬ ಹೆಸರು ದಶಕಗಳ ಕಾಲ ಸಾವಿನ ಕಾರಣವಾಗಿ ಓಡಾಡಿತು. 2023ರಲ್ಲಿ ಅಲ್ಲಿನ ಶವಪರೀಕ್ಷಾ ವೈದ್ಯರ ಸಂಘವೂ ತುರ್ತು ಚಿಕಿತ್ಸಾ ವೈದ್ಯರ ಸಂಘವೂ ಅದರಿಂದ ಕೈತೊಳೆದುಕೊಂಡವು. ತಡವಾಯಿತು, ಆದರೂ ಒಳ್ಳೆಯದೇ ಆಯಿತು.

ಸರಿ, ರೋಗಿಗಳೇ ಕೊರಳಲ್ಲಿ ಒಂದು ಚೀಟಿ ಹಾಕಿಕೊಳ್ಳಬಾರದೇ? ನಾನು ಕಾರ್ಡು ಬರೆದುಕೊಡುತ್ತೇನೆ, ಅವರು ಅದನ್ನು ಬೀರುವಿನಲ್ಲಿಡುತ್ತಾರೆ. ದೂರುವಂತಿಲ್ಲ. ಚಾಲನಾ ಪರವಾನಗಿಯ ನಮೂನೆ 1ರಲ್ಲಿ ಮೂರ್ಛೆ ಇದೆಯೇ ಎಂಬ ಪ್ರಶ್ನೆಯಿದೆ. ಹೌದು ಎಂದರೆ ಪರವಾನಗಿ ಇಲ್ಲ. ಮದುವೆಯ ಕಾಯ್ದೆಯಿಂದ ಮೂರ್ಛೆಯ ಉಲ್ಲೇಖ ತೆಗೆದುಹಾಕಿದ್ದೇ 1999ರಲ್ಲಿ, ಬೀಗರ ಮನೆಗಳಿಂದ ಅದು ಇನ್ನೂ ಹೋಗಿಲ್ಲ. ಹೀಗಿರುವಾಗ ಸಮವಸ್ತ್ರದಲ್ಲಿರುವವರು ‘ಏನಾದರೂ ಕಾಯಿಲೆ ಇದೆಯಾ?’ ಎಂದು ಕೇಳಿದರೆ ‘ಇಲ್ಲ ಸಾರ್’ ಎಂಬ ಉತ್ತರವೇ ಬರುತ್ತದೆ. ಆದ್ದರಿಂದ ಪೊಲೀಸರು ಬಾಯಿಮಾತನ್ನು ನೆಚ್ಚದೆ ಚೀಲದಲ್ಲಿ ಲೆವೆಟಿರಾಸಿಟಮ್, ವಾಲ್ಪ್ರೋಯೇಟ್, ಫೆನಿಟಾಯಿನ್, ಕಾರ್ಬಮಜೆಪಿನ್ ಹೆಸರಿನ ಮಾತ್ರೆಗಳಿವೆಯೇ ನೋಡುವುದು ಒಳ್ಳೆಯದು. ನಾಲಗೆಯ ಅಂಚು ಕಚ್ಚಿದೆಯೇ, ಬಟ್ಟೆ ಒದ್ದೆಯಾಗಿದೆಯೇ ಎಂದೂ ನೋಡಬೇಕು. ಬಾಯಲ್ಲಿ ಮದ್ಯದ ವಾಸನೆ ಬಂದರೂ ಲೆಕ್ಕ ಮುಗಿಯುವುದಿಲ್ಲ. ಕುಡಿದವರಿಗೂ ಫಿಟ್ಸ್ ಬರುತ್ತದೆ.

ಈಗ ಆಂಬುಲೆನ್ಸ್. 2008ರಲ್ಲಿ ‘ಆರೋಗ್ಯ ಕವಚ’ ಹೆಸರಿನಲ್ಲಿ 108 ಶುರುವಾಗುವ ಮುನ್ನ ಮೂರ್ಛೆ ರೋಗಿಗಳು ಆಟೋದಲ್ಲಿ, ಟೆಂಪೊದಲ್ಲಿ ಬರುತ್ತಿದ್ದರು. ಈಗ ತರಬೇತಿ ಪಡೆದ ಇಎಂಟಿ (ತುರ್ತು ವೈದ್ಯಕೀಯ ತಂತ್ರಜ್ಞ) ಜೊತೆಗಿರುತ್ತಾರೆ. ಆದರೆ ಹಲವು ಸಲ ಅವರು ಆಮ್ಲಜನಕ ಹಾಕಿ, ಸಲೈನ್ ಏರಿಸಿ, ಫಿಟ್ಸ್ ನಡೆಯುತ್ತಿರುವಂತೆಯೇ ರೋಗಿಯನ್ನು ತಂದು ನಮಗೊಪ್ಪಿಸುತ್ತಾರೆ. ಐದು ನಿಮಿಷ ದಾಟಿದ ಫಿಟ್ಸ್ ತಾನಾಗಿ ನಿಲ್ಲುವ ಸಾಧ್ಯತೆ ಇಳಿಯುತ್ತಾ ಹೋಗುತ್ತದೆ. ಅಂತರರಾಷ್ಟ್ರೀಯ ಮೂರ್ಛೆರೋಗ ಸಂಘ 2015ರಲ್ಲಿ ಚಿಕಿತ್ಸೆ ಆರಂಭಿಸುವ ಗಡಿಯನ್ನು ಐದು ನಿಮಿಷಕ್ಕೆ ನಿಗದಿ ಮಾಡಿತು. ಮೂವತ್ತು ನಿಮಿಷವಾದರೆ ಮೆದುಳಿಗೆ ಶಾಶ್ವತ ಹಾನಿಯ ಭಯ. ನಮ್ಮ ಊರುಗಳ ಸಂಚಾರ ದಟ್ಟಣೆಯಲ್ಲಿ ಆ ಮೂವತ್ತು ನಿಮಿಷ ರಸ್ತೆಯಲ್ಲೇ ಕಳೆದುಹೋಗುತ್ತದೆ.

ಫಿಟ್ಸ್ ನಿಲ್ಲಿಸುವ ಔಷಧ ಕೊಡದಿರಲು ಕಾರಣ ಅದರಿಂದ ಉಸಿರು ನಿಂತೀತೆಂಬ ಭಯ. ಆ ಭಯಕ್ಕೆ 2001ರ ಸ್ಯಾನ್ ಫ್ರಾನ್ಸಿಸ್ಕೊ ಅಧ್ಯಯನದಲ್ಲಿ ಉತ್ತರವಿದೆ. ಆಂಬುಲೆನ್ಸ್‌ನಲ್ಲಿ ಕೆಲವರಿಗೆ ಲೊರಾಜೆಪಾಮ್, ಕೆಲವರಿಗೆ ಡಯಾಜೆಪಾಮ್, ಇನ್ನು ಕೆಲವರಿಗೆ ಬರೀ ಹುಸಿ ಔಷಧ ಕೊಟ್ಟು ನೋಡಿದರು. ಉಸಿರಾಟದ ಮತ್ತು ರಕ್ತ ಪರಿಚಲನೆಯ ತೊಂದರೆ ಹೆಚ್ಚು ಕಂಡದ್ದು ಹುಸಿ ಔಷಧ ಪಡೆದವರಲ್ಲಿ, 22.5%, ಔಷಧ ಪಡೆದವರಲ್ಲಿ ಅದರ ಅರ್ಧದಷ್ಟೂ ಇರಲಿಲ್ಲ. ಅಂದರೆ ಉಸಿರು ಕೆಡಿಸುವುದು ಸೂಜಿಗಿಂತ ಹೆಚ್ಚಾಗಿ ನಿಲ್ಲದ ಫಿಟ್ಸ್. 2012ರಲ್ಲಿ ಪ್ರಕಟವಾದ ರಾಂಪಾರ್ಟ್ ಅಧ್ಯಯನ ಇನ್ನೂ ಉಪಯುಕ್ತ. ಅದುರುವ ಕೈಯಲ್ಲಿ ರಕ್ತನಾಳ ಹುಡುಕುತ್ತಾ ಸಮಯ ಕಳೆಯುವ ಬದಲು ತೊಡೆಯ ಸ್ನಾಯುವಿಗೇ ಅದೇ ಬಗೆಯ ಮಿಡಜೋಲಾಮ್ ಚುಚ್ಚಿದಾಗ, ಆಸ್ಪತ್ರೆ ತಲುಪುವ ಹೊತ್ತಿಗೆ 73.4% ರೋಗಿಗಳಲ್ಲಿ ಫಿಟ್ಸ್ ನಿಂತಿತ್ತು. ರಕ್ತನಾಳಕ್ಕೆ ಲೊರಾಜೆಪಾಮ್ ಕೊಟ್ಟವರಲ್ಲಿ 63.4%. ಸ್ನಾಯುವಿಗೆ ಕೊಡುವ ಮಿಡಜೋಲಾಮ್‌ನ ಪ್ರಮಾಣ 40 ಕೆಜಿ ಮೀರಿದವರಿಗೆ 10 ಮಿಲಿಗ್ರಾಂ. ಸಿಬ್ಬಂದಿಗೆ ನನ್ನ ವಿನಂತಿ, ಎರಡೆರಡು ಮಿಲಿಗ್ರಾಂ ಕೊಟ್ಟು ಕೊಟ್ಟು ನೋಡಬೇಡಿ. ಅರೆಬರೆ ಪ್ರಮಾಣ ಫಿಟ್ಸ್ ನಿಲ್ಲಿಸುವುದಿಲ್ಲ, ಮಂಪರು ಮಾತ್ರ ಕೂಡುತ್ತದೆ. ಉಸಿರು, ಆಮ್ಲಜನಕದ ಮಟ್ಟ ನೋಡುತ್ತಾ, ಉಸಿರು ತುಂಬುವ ಚೀಲದ ಮಾಸ್ಕ್ ಕೈಗೆಟುಕುವಲ್ಲಿಟ್ಟುಕೊಂಡು ಪೂರ್ತಿ ಪ್ರಮಾಣ ಕೊಡಿ. ತಾಯಿಯ ಪರ್ಸಿನಲ್ಲಿ ವೈದ್ಯರು ಬರೆದುಕೊಟ್ಟ ಮೂಗಿನ ಮಿಡಜೋಲಾಮ್ ಸ್ಪ್ರೇ ಇದ್ದರೆ ಅವರ ಕೈ ತಡೆಯಬೇಡಿ.

ಇನ್ನೆರಡು ಮಾತು. ಬೆರಳು ಚುಚ್ಚಿ ಸಕ್ಕರೆ ನೋಡದೆ ಯಾವ ಫಿಟ್ಸ್ ರೋಗಿಯನ್ನೂ ಸಾಗಿಸಬಾರದು. ಮತ್ತು ಗರ್ಭಿಣಿಗೋ ಬಾಣಂತಿಗೋ ಫಿಟ್ಸ್ ಬಂದರೆ ಅದು ಬೇರೆಯೇ ತುರ್ತು, ಅಲ್ಲಿ ಬೇಕಾದದ್ದು ಮೆಗ್ನೀಷಿಯಂ ಸಲ್ಫೇಟ್. ‘ಹಳೆಯ ಫಿಟ್ಸ್ ಇರಬಹುದು’ ಎನ್ನುತ್ತಾ ಕೂರುವಂತಿಲ್ಲ.

ಪೊಲೀಸರು ಕಡಿಮೆ ಮಾಡಲಿ ಎಂದೆ. ಒಂದು ಜಾಗದಲ್ಲಿ ಮಾತ್ರ ಅವರು ಹೆಚ್ಚು ಮಾಡಬೇಕು: ಲಾಕಪ್. ಒಳಗೆ ಹಾಕುವ ಮುನ್ನ ಜೇಬು ಖಾಲಿ ಮಾಡಿಸುತ್ತಾರೆ, ಮಾತ್ರೆಯೂ ಅದರೊಂದಿಗೆ ಹೋಗುತ್ತದೆ. ಮೂರ್ಛೆಯ ಮಾತ್ರೆ ಹಠಾತ್ತನೆ ತಪ್ಪಿದರೆ ಒಂದರ ಮೇಲೊಂದು ಫಿಟ್ಸ್ ಬರುತ್ತದೆ. ದಿನವೂ ಕುಡಿಯುವವನ ಕಥೆ ಇನ್ನೊಂದು; ಕೊನೆಯ ಗುಟುಕಿನ ನಂತರ ಸುಮಾರು 6ರಿಂದ 48 ಗಂಟೆಯ ಒಳಗೆ ಕುಡಿತ ಬಿಟ್ಟದ್ದರಿಂದಲೇ ಫಿಟ್ಸ್ ಬರಬಹುದು. ನ್ಯಾಯಾಧೀಶರ ಮುಂದೆ ಹಾಜರುಪಡಿಸಲು ಕಾನೂನು ಕೊಟ್ಟಿರುವ 24 ಗಂಟೆ ಈ ಅಪಾಯದ ಹೊತ್ತಿನ ಒಳಗೇ ಬೀಳುತ್ತದೆ. ಬಂಧಿತರ ಆರೋಗ್ಯ ಕಾಯುವ ಹೊಣೆ ವಶದಲ್ಲಿಟ್ಟುಕೊಂಡವರದು ಎಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 56ನೇ ಕಲಂ ಹೇಳುತ್ತದೆ. ವಶದಲ್ಲಿರುವವರಿಗೆ ಪ್ರತಿ 48 ಗಂಟೆಗೊಮ್ಮೆ ವೈದ್ಯಕೀಯ ತಪಾಸಣೆ ಆಗಬೇಕೆಂದು ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿದೆ. ಆದರೆ ಮೂರ್ಛೆಯ ಹಲವು ಮಾತ್ರೆಗಳು 12 ಗಂಟೆಗೊಮ್ಮೆ ಬೇಕು. ಬಂಧನದ ಸಮಯದಲ್ಲೇ ಯಾವ ಮಾತ್ರೆ, ಕೊನೆಯದು ಯಾವಾಗ ತೆಗೆದುಕೊಂಡದ್ದು, ಕೊನೆಯ ಬಾರಿ ಕುಡಿದದ್ದು ಯಾವಾಗ ಎಂದು ಕೇಳಿ ಬರೆದುಕೊಳ್ಳಬೇಕು. ಮಾತ್ರೆ ಕೊಡಲು ಠಾಣೆಯವರಿಗೆ ಅಳುಕಿದ್ದರೆ ಹತ್ತಿರದ ಸರ್ಕಾರಿ ಆಸ್ಪತ್ರೆಯ ವೈದ್ಯಾಧಿಕಾರಿಯಿಂದ ಅಂದೇ ಚೀಟಿ ಬರೆಸಿಕೊಳ್ಳಬಹುದು, ಮನೆಯವರಿಗೆ ಫೋನ್ ಮಾಡಿ ಮಾತ್ರೆ ತರಿಸಬಹುದು. ರಾತ್ರಿ ಪಾಳಿಯವರು ಬದಲಾಗುವಾಗ ಆ ಟಿಪ್ಪಣಿಯನ್ನು ಮುಂದಿನವರಿಗೆ ಬಾಯಿಬಿಟ್ಟು ಹೇಳಬೇಕು.