‘ಮಾರೋ’ ಬಂದಾಗ ನಾಳೆಯೋ, ಮರುದಿನವೋ?

ಹೋದ ತಿಂಗಳು ಒಂದು ಅನುವಾದದ ಹಸ್ತಪ್ರತಿ ನನ್ನ ಮೇಜಿಗೆ ಬಂತು. ನೂರು ವರ್ಷದ ಹಿಂದಿನ ಇಂಗ್ಲಿಷ್ ಕಥೆಗಳನ್ನು ಕನ್ನಡಕ್ಕೆ ತಂದ ಪುಸ್ತಕ. ಅನುವಾದಿಸಿದ ಹುಡುಗಿ ಚುರುಕು, ಕನ್ನಡವೂ ಸೊಗಸಾಗಿದೆ. ಸಲೀಸಾಗಿ ಓದುತ್ತಾ ಹೋದೆ. ಹನ್ನೊಂದನೇ ಪುಟದಲ್ಲಿ ನನ್ನ ಪೆನ್ಸಿಲ್ ನಿಂತುಬಿಟ್ಟಿತು. ‘ರಾತ್ರಿಯಿಡೀ ಮಳೆ ಸುರಿಯಿತು. ನಾಳೆ ಅವರು ಹೊಳೆ ದಾಟಿದರು.’

ನಾಳೆ ದಾಟಿದರು ಅಂದರೇನು? ಮೂಲ ತೆಗೆದು ನೋಡಿದೆ. ಅಲ್ಲಿ ‘ಆನ್ ದಿ ಮಾರೋ’ ಎಂದಿತ್ತು. ಕರೆದು ಕೇಳಿದೆ. ‘ಮೇಡಂ, ಡಿಕ್ಷನರಿಯಲ್ಲಿ ಮಾರೋ ಅಂದ್ರೆ ನಾಳೆ ಅಂತಲೇ ಇದೆ’ ಎಂದಳು. ‘ಇರಲಿ, ಆ ವಾಕ್ಯ ಒಂದು ಸಲ ಜೋರಾಗಿ ಓದಮ್ಮಾ’ ಎಂದೆ. ಓದಿದಳು, ಅರ್ಧಕ್ಕೇ ನಿಲ್ಲಿಸಿದಳು. ಕಿವಿಗೆ ಬಿದ್ದ ಕೂಡಲೇ ತಪ್ಪು ಅವಳಿಗೇ ಗೊತ್ತಾಯಿತು. ಕಣ್ಣಿಗೆ ತಪ್ಪಿಸಿಕೊಂಡದ್ದು ಕಿವಿಗೆ ಸಿಗುತ್ತದೆ. ಅದಕ್ಕೇ ನಾನು ಯಾವ ಅನುವಾದವನ್ನೂ ಸುಮ್ನೆ ಓದಿ ಮುಗಿಸುವುದಿಲ್ಲ, ಬಾಯಿಬಿಟ್ಟು ಓದಿಸುತ್ತೇನೆ.

ಹಳೆಯ ಇಂಗ್ಲಿಷ್ ಪುಸ್ತಕ ಕೈಗೆತ್ತಿಕೊಂಡ ಹೆಚ್ಚುಕಮ್ಮಿ ಎಲ್ಲರೂ ಈ ಪದದ ಹತ್ತಿರ ಒಮ್ಮೆ ಎಡವುತ್ತಾರೆ. ಈಗಿನ ಇಂಗ್ಲಿಷಿನಲ್ಲಿ ಅದು ಒಂಟಿಯಾಗಿ ಕಾಣಿಸುವುದು ಅಪರೂಪ. ‘ಟುಮಾರೋ’ ಎಂಬ ಮನೆಯೊಳಗೆ ಸೇರಿಕೊಂಡಿದೆ. ಅದರಿಂದಲೇ ಎಡವಟ್ಟು. ಟುಮಾರೋ ಎಂದರೆ ನಾಳೆ ತಾನೇ, ಹಾಗಾದರೆ ಮಾರೋ ಅಂದರೂ ನಾಳೆಯೇ ಎಂದು ಮನಸ್ಸು ಲೆಕ್ಕ ಹಾಕಿಬಿಡುತ್ತದೆ.

ನಮ್ಮ ಕನ್ನಡವನ್ನೇ ಸ್ವಲ್ಪ ನೋಡೋಣ. ‘ನಾಳೆ’ ಎನ್ನುವುದು ಮಾತಾಡುವವನ ಇವತ್ತಿಗೆ ಅಂಟಿಕೊಂಡಿರುವ ದಿನ. ನಾನು ಇವತ್ತು ನಾಳೆ ಅಂದರೆ ಒಂದು ದಿನ, ವಾರ ಬಿಟ್ಟು ನಾಳೆ ಅಂದರೆ ಇನ್ನೊಂದು ದಿನ. ಇದಕ್ಕೆ ‘ನಾಳೆ ಬಾ’ಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. 1990ರ ದಶಕದಲ್ಲಿ ಬೆಂಗಳೂರಿನ ಸುತ್ತಮುತ್ತ ಮನೆಮನೆಯ ಬಾಗಿಲ ಮೇಲೆ, ಗೋಡೆಯ ಮೇಲೆ ಈ ಎರಡು ಪದ ಬರೆದಿರುತ್ತಿದ್ದರು. ರಾತ್ರಿ ದೆವ್ವ ಬಂದು ಬಾಗಿಲು ತಟ್ಟುತ್ತದೆ, ಬರಹ ಓದಿ ವಾಪಸು ಹೋಗುತ್ತದೆ, ಮಾರನೇ ರಾತ್ರಿ ಬಂದು ಮತ್ತೆ ಅದೇ ಓದುತ್ತದೆ ಎಂಬ ನಂಬಿಕೆ. ಆ ಇಡೀ ಉಪಾಯ ನಿಂತಿರುವುದು ‘ನಾಳೆ’ಯ ಗುಣದ ಮೇಲೆ. ಓದಿದ ದಿನವೆಲ್ಲ ಅದು ಒಂದು ದಿನ ಮುಂದಕ್ಕೆ ಸರಿಯುತ್ತದೆ. ಅಲ್ಲೇ ‘ಮರುದಿನ ಬಾ’ ಎಂದು ಬರೆದಿದ್ದರೆ? ಓದಿದವರು ಮೊದಲು ಕೇಳುತ್ತಾರೆ, ‘ಯಾವುದರ ಮರುದಿನ?’ ಮರುದಿನಕ್ಕೆ ಹಿಂದೆ ಒಂದು ದಿನ ಬೇಕು. ಮದುವೆಯ ಮರುದಿನ, ಹಬ್ಬದ ಮರುದಿನ, ಮಳೆ ಸುರಿದ ಮರುದಿನ. ಒಮ್ಮೆ ಗೂಟ ಹೊಡೆದರೆ ಅದು ಅಲ್ಲಾಡುವುದಿಲ್ಲ.

ನಾನು ಕಲಿಸುವಾಗ ಹೇಳುವ ಪರೀಕ್ಷೆ ಇಷ್ಟೇ. ವಾಕ್ಯದ ಹಿಂದಿನ ದಿನ ‘ಇವತ್ತಾ, ಅವತ್ತಾ?’ ಎಂದು ಕೇಳಿಕೊಳ್ಳಿ. ಇವತ್ತಿನ ಜೊತೆ ಹೋಗುವುದು ನಾಳೆ. ಅವತ್ತಿನ ಜೊತೆ ಹೋಗುವುದು ಮರುದಿನ. ನಿನ್ನೆಗೂ ಇದೇ ಲೆಕ್ಕ: ಇವತ್ತಿಗೆ ನಿನ್ನೆ, ಅವತ್ತಿಗೆ ಹಿಂದಿನ ದಿನ. ಕಥೆ ಹೇಳುವವನು ‘ಆನ್ ದಿ ಮಾರೋ’ ಎಂದಾಗ ಅವನ ಕಣ್ಣು ಅವತ್ತಿನ ಮೇಲಿದೆ. ಅದಕ್ಕೇ ಮರುದಿನ, ಮಾರನೇ ದಿನ.

ಅಂದ ಹಾಗೆ, ಮಾರೋ ಮತ್ತು ಮಾರನೇ ಒಂದೇ ಥರ ಕೇಳಿಸುತ್ತವೆ, ಅಲ್ವಾ? ನೆನಪಿಡುವುದಕ್ಕೆ ಅನುಕೂಲ. ಆದರೆ ನೆಂಟಸ್ತಿಕೆ ಏನೂ ಇಲ್ಲ, ಕಾಕತಾಳೀಯ ಅಷ್ಟೇ. ನಮ್ಮದು ಹಳಗನ್ನಡದ ‘ಮಱು’. ಮರುಹುಟ್ಟು, ಮರುಮಾತು, ಮರುಮದುವೆಯಲ್ಲಿ ಇರುವುದೇ ಅದು. ತಮಿಳಿನವರು ಇವತ್ತಿಗೂ ಮರುದಿನಕ್ಕೆ ‘ಮಱುನಾಳ್’ ಎನ್ನುತ್ತಾರೆ. ಅಲ್ಲಿನ ‘ನಾಳ್’ ಎಂದರೆ ದಿನ. ನಮ್ಮ ‘ನಾಳೆ’ಯೊಳಗೆ ಕೂತಿರುವುದೂ ಅದೇ ನಾಳ್.

ಇಂಗ್ಲಿಷಿನ ಮಾರೋ ಹುಟ್ಟಿದ್ದು ದಿನದಿಂದಲ್ಲ, ಬೆಳಗಿನಿಂದ. ಹಳೆಯ ಇಂಗ್ಲಿಷಿನಲ್ಲಿ ಬೆಳಗಿಗೆ ‘ಮೊರ್ಗೆನ್’ ಎನ್ನುತ್ತಿದ್ದರು. ಬರುಬರುತ್ತಾ ಅದು ‘ಮೊರ್ವೆನ್’ ಆಯಿತು. ಕೊನೆಯ ‘ನ್’ ಉದುರಿ ‘ಮೊರ್ವೆ’, ಆಮೇಲೆ ‘ಮಾರೋ’ ಆಯಿತು. ‘ನ್’ ಉಳಿಸಿಕೊಂಡ ಕವಲು ‘ಮಾರ್ನ್’. ‘ಈವನಿಂಗ್’ ಮಾದರಿಯಲ್ಲಿ ಬಾಲ ಹಚ್ಚಿಕೊಂಡದ್ದು ‘ಮಾರ್ನಿಂಗ್’. ಹೀಗೆ ಮಾರೋ, ಮಾರ್ನ್, ಮಾರ್ನಿಂಗ್ ಮೂರೂ ಒಂದೇ ತಾಯಿಯ ಮಕ್ಕಳು.

ಬೆಳಗು ಎಂಬ ಪದ ನಾಳೆಯಾಗುವುದು ಹೇಗೆ? ರಾತ್ರಿ ಊಟ ಮುಗಿಸಿ ‘ಬೆಳಗ್ಗೆ ಕೊಡ್ತೀನಿ ಬಿಡು’ ಅಂತೀವಲ್ಲ, ಹಾಗೆ. ನಾವು ಹೇಳಿದ್ದು ಬೆಳಗ್ಗೆ ಅಂತ, ಕೇಳಿದವನಿಗೆ ಗೊತ್ತಾದದ್ದು ನಾಳೆ ಅಂತ. ಜರ್ಮನ್ ಭಾಷೆಯಲ್ಲಿ ಇವತ್ತಿಗೂ ‘ಮೊರ್ಗೆನ್’ ಬೆಳಗೂ ಹೌದು, ನಾಳೆಯೂ ಹೌದು. ನಾಳೆ ಬೆಳಗ್ಗೆ ಎನ್ನಲು ಅವರು ‘ಮೊರ್ಗೆನ್ ಫ್ರೂ’ ಎನ್ನುತ್ತಾರೆ. ಸ್ಪ್ಯಾನಿಷ್‌ನ ‘ಮನ್ಯಾನ’ ಕೂಡ ಹೀಗೆಯೇ ಎರಡೂ ಕೆಲಸ ಮಾಡುತ್ತದೆ. ಸ್ಕಾಟ್ಲೆಂಡಿನ ಆಡುಮಾತಿನಲ್ಲಿ ‘ದಿ ಮಾರ್ನ್’ ಅಂದರೆ ನಾಳೆ, ‘ದಿ ಮಾರ್ನ್ಸ್ ಮಾರ್ನ್’ ಅಂದರೆ ನಾಳೆ ಬೆಳಗ್ಗೆ.

ಇದು ಗೊತ್ತಿದ್ದರೆ ‘ಗುಡ್ ಮಾರೋ’ ಕಂಡಾಗ ತಬ್ಬಿಬ್ಬಾಗುವುದಿಲ್ಲ. ಶೇಕ್ಸ್‌ಪಿಯರ್ ನಾಟಕಗಳಲ್ಲಿ ಹೆಜ್ಜೆಹೆಜ್ಜೆಗೂ ಬರುವ ನಮಸ್ಕಾರ ಅದು. ನಾಳೆ ಚೆನ್ನಾಗಿರಲಿ ಎಂಬ ಹಾರೈಕೆಯಲ್ಲ, ಗುಡ್ ಮಾರ್ನಿಂಗ್ ಅಷ್ಟೇ. ರೋಮಿಯೋ ಜೂಲಿಯೆಟ್ ನಾಟಕದ ಮೊದಲ ದೃಶ್ಯದಲ್ಲಿ ಬೆನ್ವೋಲಿಯೋ ರೋಮಿಯೋಗೆ ಗುಡ್ ಮಾರೋ ಹೇಳುತ್ತಾನೆ. ಮನಸ್ಸು ಕೆಟ್ಟು ಕೂತಿದ್ದ ರೋಮಿಯೋ, ಇನ್ನೂ ಬೆಳಗೇ ಕಳೆದಿಲ್ಲವಾ ಎನ್ನುವ ಹಾಗೆ ಕೇಳುತ್ತಾನೆ. ಈಗಷ್ಟೇ 9 ಹೊಡೆಯಿತು ಎಂದು ಉತ್ತರ ಬರುತ್ತದೆ. ಅರ್ಥ ನಾಟಕದೊಳಗೇ ಇದೆ, ನಿಘಂಟು ಬೇಕಿಲ್ಲ. ಕನ್ನಡದಲ್ಲಿ ಇದಕ್ಕೆ ‘ಶುಭೋದಯ’ ಎಂದು ಬರೆಯುವವರಿದ್ದಾರೆ. ನನಗೆ ಅದು ಒಪ್ಪುವುದಿಲ್ಲ. ಶುಭೋದಯ ನಮ್ಮ ಕಾಲದ ಮೆಸೇಜಿನ ಪದ. ರಂಗದ ಮೇಲೆ ಇಬ್ಬರು ಎದುರಾದಾಗ ‘ನಮಸ್ಕಾರ’ ಎಂದರೆ ಸಾಕು. ಇಬ್ಬರಲ್ಲಿ ಸಲಿಗೆ ಇದ್ದರೆ ‘ಏನಪ್ಪಾ, ಬೆಳಗಾಯ್ತಾ?’ ಇನ್ನೂ ಚೆನ್ನ.

ಅದೇ ನಾಟಕದ ಬಾಲ್ಕನಿ ದೃಶ್ಯದಲ್ಲಿ ಜೂಲಿಯೆಟ್ ಬೀಳ್ಕೊಡುವಾಗ ‘ಮಾರೋ ಆಗುವ ತನಕ ಗುಡ್ ನೈಟ್ ಹೇಳುತ್ತಲೇ ಇರುತ್ತೇನೆ’ ಎನ್ನುತ್ತಾಳೆ. ಅಲ್ಲಿ ‘ನಾಳೆಯವರೆಗೆ’ ಎಂದು ಹಾಕಿದರೆ ತಪ್ಪೇನಲ್ಲ, ಆದರೆ ಸಪ್ಪೆ. ರಾತ್ರಿ ಕರಗಿ ಬೆಳಕು ಹರಿಯುವ ಚಿತ್ರ ಆ ಪದದೊಳಗಿದೆ. ‘ಬೆಳಗಾಗುವ ತನಕ’ ಎಂದರೆ ಆ ಚಿತ್ರ ಉಳಿಯುತ್ತದೆ. ಇಂಥ ಕಡೆ ನಾನು ಹಟ ಹಿಡಿಯುತ್ತೇನೆ.

ಕಾಲ ಕಳೆದಂತೆ ಮಾರೋ ತನ್ನೊಳಗಿನ ಬೆಳಗನ್ನು ಕಳೆದುಕೊಂಡಿತು. ಕೋಲ್‌ರಿಜ್ 1798ರಲ್ಲಿ ಪ್ರಕಟಿಸಿದ ಮುದಿ ನಾವಿಕನ ಕಥನಕವನದ ಕೊನೆಯ ಸಾಲಿನಲ್ಲಿ ‘ದಿ ಮಾರೋ ಮಾರ್ನ್’ ಎಂದಿದೆ. ಒಂದೇ ತಾಯಿಯ ಎರಡು ಮಕ್ಕಳು ಅಕ್ಕಪಕ್ಕ ನಿಂತಿವೆ. ಆ ಹೊತ್ತಿಗೆ ಮಾರೋ ಅಂದರೆ ಬರೀ ಮರುದಿನ ಎಂದಾಗಿತ್ತು, ಬೆಳಗನ್ನು ಹೇಳಲು ಮಾರ್ನ್ ಬೇಕಾಯಿತು. ಕನ್ನಡದಲ್ಲಿ ಅದು ನಮ್ಮ ಬಾಯಿಗೆ ತಾನಾಗಿ ಬರುವ ‘ಮರುದಿನ ಬೆಳಗ್ಗೆ’.

ಟುಮಾರೋ ಎಂದರೆ ‘ಟು’ ಮತ್ತು ‘ಮಾರೋ’. ಬೇರೆ ಬೇರೆಯಾಗಿದ್ದ ಎರಡು ಪದ. 1623ರಲ್ಲಿ ಅಚ್ಚಾದ ಶೇಕ್ಸ್‌ಪಿಯರ್ ನಾಟಕಗಳ ದೊಡ್ಡ ಸಂಪುಟದಲ್ಲಿ ಮ್ಯಾಕ್‌ಬೆತ್ ಮೂರು ಸಲ ಹೇಳುವ ಆ ಪ್ರಸಿದ್ಧ ಪದ ‘ಟು ಮಾರೋ’ ಎಂದು ಬಿಡಿಬಿಡಿಯಾಗಿಯೇ ಇದೆ. ಆಮೇಲೆ ನಡುವೆ ಒಂದು ಅಡ್ಡಗೆರೆ ಬಂತು. 20ನೇ ಶತಮಾನದ ಶುರುವಿನಲ್ಲೂ ಆ ಗೆರೆ ಹಾಕಿ ಬರೆಯುವವರು ಬೇಕಾದಷ್ಟು ಜನ ಇದ್ದರು. ಆ ಕಾಲದ ಪುಸ್ತಕ ತೆರೆದರೆ ಟುಡೇ, ಟುನೈಟ್ ಕೂಡ ಹಾಗೇ ಕಾಣುತ್ತವೆ. ಅಚ್ಚಿನ ತಪ್ಪೆಂದು ತಿಳಿಯಬೇಡಿ.

ಶಾಲೆಯ ಮಕ್ಕಳ ಅಪ್ಪ ಅಮ್ಮಂದಿರಿಗೆ ಇದರಿಂದ ಒಂದು ನೇರ ಉಪಯೋಗವಿದೆ. ಟುಮಾರೋ ಸ್ಪೆಲಿಂಗಿನಲ್ಲಿ ಎಂ ಒಂದೋ ಎರಡೋ, ಆರ್ ಒಂದೋ ಎರಡೋ ಎಂದು ದೊಡ್ಡವರೂ ತಡವರಿಸುತ್ತಾರೆ. ಮಗುವಿಗೆ ಮೊದಲು ‘ಟಿ, ಓ’ ಬರೆಸಿ. ಬೆರಳಗಲ ಜಾಗ ಬಿಡಿಸಿ. ಆಮೇಲೆ ‘ಎಂ, ಓ, ಆರ್, ಆರ್, ಓ, ಡಬ್ಲ್ಯೂ’. ಎರಡನ್ನೂ ಹತ್ತಿರ ತನ್ನಿ. ಎರಡನೇ ಎಂಗೆ ಜಾಗವೇ ಇಲ್ಲ. ಇನ್ನೊಂದು ತಪ್ಪೂ ಇದರಿಂದ ಹೋಗುತ್ತದೆ. ‘ಆನ್ ಟುಮಾರೋ’ ಎಂದು ಬರೆಯುವವರನ್ನು ನೋಡಿದ್ದೇನೆ. ‘ಟು’ ಆಗಲೇ ಒಳಗೆ ಕೂತಿದೆ, ಮತ್ತೆ ಆನ್ ಯಾಕೆ? ಆದರೆ ಒಂಟಿ ಮಾರೋಗೆ ಆನ್ ಬೇಕು, ದಿ ಕೂಡ ಬೇಕು.

ಇಷ್ಟು ಹೇಳಿದ ಮೇಲೆ, ಮಾರೋ ಕಂಡಲ್ಲೆಲ್ಲ ಕಣ್ಣು ಮುಚ್ಚಿ ಮರುದಿನ ಹಾಕಿದರೂ ತಪ್ಪಾಗುತ್ತದೆ. 1611ರ ಇಂಗ್ಲಿಷ್ ಬೈಬಲ್ಲಿನಲ್ಲಿ, ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯದ ಕೊನೆಗೆ, ಮಾರೋ ಬಗ್ಗೆ ಚಿಂತೆ ಮಾಡಬೇಡಿ ಎಂಬ ಮಾತಿದೆ. ಅಲ್ಲಿ ಹಿಂದೆ ಯಾವ ‘ಅವತ್ತೂ’ ಇಲ್ಲ. ಇವತ್ತು ಬದುಕುತ್ತಿರುವ ಯಾರಿಗಾದರೂ ಹೇಳಿದ ಮಾತು ಅದು. ಆದ್ದರಿಂದ ಅಲ್ಲಿ ನಾಳೆಯೇ ಸರಿ. ನೋಡಿ, ಪರೀಕ್ಷೆ ಅದೇ, ಉತ್ತರ ಮಾತ್ರ ಬೇರೆ.

ಇನ್ನೊಂದು ಬಳಕೆ ಹಳೆಯ ಇತಿಹಾಸ ಪುಸ್ತಕಗಳಲ್ಲಿ ಜಾಸ್ತಿ. ‘ಯುದ್ಧದ ಮಾರೋದಲ್ಲಿ’, ‘ಗೆಲುವಿನ ಮಾರೋದಲ್ಲಿ’ ಎನ್ನುವ ಥರ. ಅಲ್ಲಿ ಸರಿಯಾಗಿ ಮರುದಿನವೇ ಎಂದೇನಿಲ್ಲ. ಯುದ್ಧ ಮುಗಿದು ತಿಂಗಳುಗಳೇ ಕಳೆದಿರಬಹುದು. ಅನುವಾದದಲ್ಲಿ ‘ಯುದ್ಧದ ಮರುದಿನ ದೇಶದಲ್ಲಿ ಬರ ಬಂತು’ ಎಂದು ಬರೆದರೆ ಓದುವವನು ತಾರೀಖು ಹುಡುಕುತ್ತಾನೆ. ‘ಯುದ್ಧ ಮುಗಿದ ಬೆನ್ನಲ್ಲೇ’ ಎಂದರೆ ಸರಿಹೋಗುತ್ತದೆ. ಇದರ ಜೋಡಿ ಪದ ‘ಈವ್’. ಅದು ಹುಟ್ಟಿದ್ದು ಸಂಜೆ ಎಂಬ ಅರ್ಥದ ‘ಈವನ್’ನಿಂದ, ಅದೂ ಮಾರೋ ಥರವೇ ‘ನ್’ ಕಳೆದುಕೊಂಡದ್ದು. ಸಂಜೆ ಹಿಂದಕ್ಕೆ ಸರಿದು ಮುನ್ನಾದಿನವಾಯಿತು, ಬೆಳಗು ಮುಂದಕ್ಕೆ ಸರಿದು ಮರುದಿನವಾಯಿತು. ಈವ್ ಇನ್ನೂ ಗಟ್ಟಿಯಾಗಿದೆ, ಕ್ರಿಸ್‌ಮಸ್ ಈವ್ ಅಂತ ಎಲ್ಲರೂ ಅಂತಾರೆ. ಮಾರೋ ಬಡವಾಯಿತು. ನನಗೆ ಅದರ ಬಗ್ಗೆ ನಿಜಕ್ಕೂ ಬೇಜಾರಿದೆ.

ನಮ್ಮವರು ಇಂಗ್ಲಿಷ್ ಬರೆಯುವಾಗ ಇದೇ ತೊಡಕು ತಿರುಗಾಮುರುಗಾ ಬರುತ್ತದೆ. ಅದಕ್ಕೆ ಕಾರಣ ಕನ್ನಡದ ‘ಅಂತ’. ಅಣ್ಣ ಸೋಮವಾರ ಫೋನ್ ಮಾಡಿ ‘ನಾಳೆ ಬರ್ತೀನಿ’ ಅಂದ ಎಂದಿಟ್ಟುಕೊಳ್ಳಿ. ಗುರುವಾರ ಈ ವಿಷಯ ಅಮ್ಮನಿಗೆ ಹೇಳುವಾಗಲೂ ನಾನು ‘ನಾಳೆ ಬರ್ತೀನಿ ಅಂತ ಅಣ್ಣ ಸೋಮವಾರವೇ ಹೇಳಿದ್ದ’ ಎನ್ನಬಹುದು. ನಾಳೆ ಅಂದರೆ ಶುಕ್ರವಾರ ಎಂದು ಅಮ್ಮ ತಿಳಿಯುವುದಿಲ್ಲ. ‘ಅಂತ’ ಎಂಬುದು ಅಣ್ಣನ ಮಾತನ್ನು ಅಣ್ಣನ ಬಾಯಲ್ಲೇ ಉಳಿಸುತ್ತದೆ. ಇಂಗ್ಲಿಷಿನಲ್ಲಿ ಪರೋಕ್ಷವಾಗಿ ಹೇಳುವಾಗ ಹಾಗಲ್ಲ. ಹೇಳುವವನು ನಾನು, ಲೆಕ್ಕ ನನ್ನ ಇವತ್ತಿನಿಂದ. ಅಲ್ಲಿ ಟುಮಾರೋ ಎಂದು ಬರೆದರೆ ಅಣ್ಣ ಶುಕ್ರವಾರ ಬರುತ್ತಾನೆ ಎಂದಾಗುತ್ತದೆ. ಹಾಗಾಗಿ ‘ದಿ ನೆಕ್ಸ್ಟ್ ಡೇ’ ಎನ್ನಬೇಕು. ನೂರೈವತ್ತು ವರ್ಷದ ಹಿಂದೆ ‘ಆನ್ ದಿ ಮಾರೋ’ ಎಂದೂ ಬರೆಯುತ್ತಿದ್ದರು. ಈಗ ಆಫೀಸಿನ ಮೇಲ್‌ನಲ್ಲಿ ಅದನ್ನು ಬಳಸಬೇಡಿ. ಓದಿದಾಗ ಅರ್ಥವಾಗಬೇಕಾದ ಪದ ಅದು, ಎಲ್ಲ ಕಡೆ ಬರೆಯುವ ಪದವಲ್ಲ.

ಕೆಲವರು ನನ್ನನ್ನು ‘ಓವರ್‌ಮಾರೋ’ ಬಗ್ಗೆಯೂ ಕೇಳುತ್ತಾರೆ. 1535ರ ಕವರ್‌ಡೇಲ್ ಬೈಬಲ್ಲಿನಲ್ಲಿ ಅದು ಬಂದಿದೆ, ನಾಡಿದ್ದು ಎಂಬ ಅರ್ಥದಲ್ಲಿ. ಆಮೇಲೆ ಬಳಕೆಯಿಂದ ಬಿದ್ದುಹೋಯಿತು. ಇವತ್ತಿನ ಇಂಗ್ಲಿಷಿನವರು ‘ದಿ ಡೇ ಆಫ್ಟರ್ ಟುಮಾರೋ’ ಎಂದು ಉದ್ದಕ್ಕೆ ಹೇಳಬೇಕು. ನಮಗೆ ‘ನಾಡಿದ್ದು’ ಇದೆ, ‘ಆಚೆ ನಾಡಿದ್ದು’ ಕೂಡ ಇದೆ. ಹಳೆಯ ಪದಗಳು ಬಾಯಲ್ಲಿ ಉಳಿದಿರುವುದು ಎಷ್ಟು ದೊಡ್ಡ ಅನುಕೂಲ ಎಂದು ಇಂಥ ಹೊತ್ತಿನಲ್ಲಿ ಅನಿಸುತ್ತದೆ.

ಹಸ್ತಪ್ರತಿಗೆ ವಾಪಸು ಬರುತ್ತೇನೆ. ಹುಡುಗಿ ಒಂದು ವಾರ ಕೂತು ಎಲ್ಲ ಮಾರೋಗಳನ್ನೂ ಹುಡುಕಿದಳು. ಹದಿನಾಲ್ಕು ಸಿಕ್ಕವು. ಹೊಳೆಯ ವಾಕ್ಯವನ್ನು ‘ರಾತ್ರಿಯಿಡೀ ಮಳೆ ಸುರಿಯಿತು. ಮಾರನೇ ದಿನ ಅವರು ಹೊಳೆ ದಾಟಿದರು’ ಎಂದು ಬದಲಿಸಿದಳು. ಹೀಗೆ ಹದಿಮೂರು ಕಡೆ ತಿದ್ದಿ, ಒಂದನ್ನು ಹಾಗೇ ಬಿಟ್ಟಿದ್ದಳು. ನಾನು ಮತ್ತೆ ಪೆನ್ಸಿಲ್ ಎತ್ತಿಕೊಂಡು ಆ ಪುಟ ತೆಗೆದೆ. ಜ್ವರ ಬಂದ ಮಗುವಿನ ಪಕ್ಕ ಕೂತ ತಾಯಿಯ ಯೋಚನೆ ಅಲ್ಲಿ ನಡೆಯುತ್ತಿತ್ತು. ಕ್ರಿಯಾಪದಗಳೆಲ್ಲ ಭೂತಕಾಲದವು, ಆದರೆ ದಿನ ಎಣಿಸುತ್ತಿದ್ದವಳು ಆ ತಾಯಿ. ‘ನಾಳೆ ಜ್ವರ ಇಳಿಯಬಹುದು. ಅವಳು ದೀಪ ಸಣ್ಣದು ಮಾಡಿದಳು.’ ಮರುದಿನ ಎಂದು ಹಾಕಿದ್ದರೆ ನಾವು ಆ ಕೋಣೆಯಿಂದ ಆಚೆ ಬಂದುಬಿಡುತ್ತಿದ್ದೆವು. ಆ ವಾಕ್ಯದ ಪಕ್ಕ ಒಂದು ಸರಿ ಗುರುತು ಹಾಕಿ ಪುಟ ತಿರುವಿದೆ.