ಯಾರ್ಕ್: ಚರ್ಚಿನ ಬುನಾದಿಯಲ್ಲಿ ಸಿಕ್ಕ ರೋಮನ್ ಕೋಟೆ

ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ ಸ್ಟೋನ್‌ಗೇಟ್ ಬೀದಿ ಹಿಡಿದು ಮಿನ್‌ಸ್ಟರ್ ಎಂಬ ದೊಡ್ಡ ಚರ್ಚಿಗೆ (ಕ್ಯಾಥೆಡ್ರಲ್) ಹೋಗುವವರು ರೋಮನ್ ಸೈನಿಕರ ದಾರಿಯಲ್ಲೇ ನಡೆಯುತ್ತಾರೆ. ಕ್ರಿ.ಶ. 71ರ ಸುಮಾರಿಗೆ ರೋಮನ್ ಸೇನೆಯ ಒಂಬತ್ತನೇ ಲೀಜನ್ (ದೊಡ್ಡ ಪಡೆ) ಊಸ್ ಮತ್ತು ಫಾಸ್ ನದಿಗಳ ನಡುವೆ ಸುಮಾರು 50 ಎಕರೆಯಲ್ಲಿ ಎಬೊರಾಕಮ್ ಕೋಟೆ ಕಟ್ಟಿತು. ಮೊದಲು ಮಣ್ಣಿನ ಏರಿ, ಮರದ ಕಟ್ಟಡ. ಕಲ್ಲು ಬಂದದ್ದು ಆಮೇಲೆ. ಹೆಬ್ಬಾಗಿಲಿನಿಂದ ಸೇನಾ ಮುಖ್ಯ ಕಚೇರಿಗೆ ಹೋಗುತ್ತಿದ್ದ ರಸ್ತೆಯೇ ಇಂದಿನ ಸ್ಟೋನ್‌ಗೇಟ್, ಅದನ್ನು ಕೂಡುತ್ತಿದ್ದ ಅಡ್ಡರಸ್ತೆ ಪೀಟರ್‌ಗೇಟ್. ಕಾನ್‌ಸ್ಟಂಟೈನ್‌ನನ್ನು 306ರಲ್ಲಿ ಸೈನಿಕರು ಚಕ್ರವರ್ತಿಯೆಂದು ಘೋಷಿಸಿದ್ದೂ ಈ ಊರಿನಲ್ಲೇ.

ನೆಲದ ಮೇಲೆ ಉಳಿದದ್ದರಲ್ಲಿ ಮೊದಲು ನೋಡಬೇಕಾದ್ದು ಮ್ಯೂಸಿಯಂ ಗಾರ್ಡನ್ಸ್‌ನ ಬಹುಮುಖ ಕೊತ್ತಳ. ಕೋಟೆಯ ಪಶ್ಚಿಮ ಮೂಲೆ ಅದು. ಹತ್ತಿರ ನಿಂತರೆ ಎರಡು ಕಾಲದ ಕೆಲಸ ಬೇರೆಬೇರೆಯಾಗಿ ಕಾಣುತ್ತದೆ. ಕೆಳಗಿನ 19 ಅಡಿ ರೋಮನರದು: ಸಣ್ಣ ಸಣ್ಣ ಚೌಕ ಸುಣ್ಣಕಲ್ಲು, ನಡುವೆ ಕೆಂಪು ಇಟ್ಟಿಗೆಯ ಪಟ್ಟಿ. ಪಟ್ಟಿ ಅಲಂಕಾರಕ್ಕಲ್ಲ. ಗೋಡೆಯ ವರಸೆಯನ್ನು ಮಟ್ಟಮಾಡಿ, ಹೊರಗಿನ ಕಲ್ಲನ್ನು ಒಳಗೆ ತುಂಬಿದ ಗಾರೆಕಲ್ಲಿಗೆ ಕಚ್ಚಿಸುವುದು ಅದರ ಕೆಲಸ. ಮೇಲಿನ 11 ಅಡಿ ಮಧ್ಯಯುಗದ್ದು, ದಪ್ಪ ಕಲ್ಲು, ಬಾಣ ಬಿಡುವ ಕಂಡಿ. ಹಳೆಯ ಗೋಡೆ ಗಟ್ಟಿಯಾಗಿದ್ದರಿಂದ ಅದರ ಮೇಲೇ ಕಟ್ಟಿದರು, ಕೆಡವಲಿಲ್ಲ.

ಹಾಗೆ ಹಳೆಯದರ ಮೇಲೆ ಕಟ್ಟಿದ್ದು ಮಿನ್‌ಸ್ಟರ್‌ನಲ್ಲಿ ಕೈಕೊಟ್ಟಿತು. ಕೋಟೆ ನದಿಯತ್ತ ಓರೆಯಾಗಿ ಮುಖಮಾಡಿದೆ, ಚರ್ಚಿನ ದಿಕ್ಕು ನೇರ ಪೂರ್ವ. ಹೀಗಾಗಿ ಚರ್ಚಿನ ಬುನಾದಿ ಸೇನಾ ಕಚೇರಿಯ ಗೋಡೆಗಳನ್ನು ಕೋನದಲ್ಲಿ ದಾಟುತ್ತದೆ: ಒಂದು ಕಡೆ ಗಟ್ಟಿ ಕಲ್ಲು, ಪಕ್ಕದಲ್ಲೇ ಮೆತ್ತನೆಯ ಮಣ್ಣು. ಇಂಗ್ಲೆಂಡನ್ನು ಗೆದ್ದು ಇಲ್ಲಿ ಚರ್ಚು ಕಟ್ಟಿದ ನಾರ್ಮನ್ನರು ಬುನಾದಿಯಲ್ಲಿ ಹುದುಗಿಸಿದ್ದ ಓಕ್ ತೊಲೆಗಳು ಕಾಲಕ್ರಮದಲ್ಲಿ ಕೊಳೆತು ಟೊಳ್ಳಾದವು. 1407ರಲ್ಲಿ ನಡುಗೋಪುರ ಬಿತ್ತು. ಹೊಸ ಗೋಪುರವನ್ನೂ ಅದೇ ಜಾಗದಲ್ಲಿ ಎಬ್ಬಿಸಿದರು; ಅದರ ಭಾರ ಸುಮಾರು 16,000 ಟನ್. 1967ರ ಹೊತ್ತಿಗೆ ಬಿರುಕುಗಳು ಅಪಾಯದ ಹಂತ ಮುಟ್ಟಿದ್ದನ್ನು ವಾಸ್ತುಶಿಲ್ಪಿ ಬರ್ನಾರ್ಡ್ ಫೀಲ್ಡನ್ ಗುರುತಿಸಿದರು. ಹಳೆಯ ಬುನಾದಿಯ ಸುತ್ತ ಕಾಂಕ್ರೀಟ್ ಪಟ್ಟಿ ಸುರಿದು, ಕಲ್ಲನ್ನು ಕೊರೆದು ಸ್ಟೇನ್‌ಲೆಸ್ ಸ್ಟೀಲ್ ಸರಳು ತೂರಿಸಿ ಬಿಗಿದರು. ಬುನಾದಿಯ ಪಾದ ಅಗಲವಾದಷ್ಟೂ ಮಣ್ಣಿನ ಮೇಲಿನ ಒತ್ತಡ ಇಳಿಯುತ್ತದೆ. ಆ ಅಗೆತದಲ್ಲೇ ಸೇನಾ ಕಚೇರಿಯ ಸಭಾಂಗಣ, ಬಣ್ಣ ಬಳಿದ ಗಿಲಾವು ಹೊರಬಂದವು. ಬಿದ್ದಿದ್ದ ಒಂದು ಕಂಬವನ್ನು 1971ರಲ್ಲಿ ದಕ್ಷಿಣ ಬಾಗಿಲ ಎದುರು ನಿಲ್ಲಿಸಿದರು. ತುರ್ತು ರಿಪೇರಿ ಇಲ್ಲದಿದ್ದರೆ ಇದೆಲ್ಲ ಇಂದಿಗೂ ನೆಲದಡಿಯಲ್ಲೇ ಇರುತ್ತಿತ್ತು. ಹಾಗಂತ ನೋಡುವ ಆಸೆಗಾಗಿ ಊರಿಡೀ ಅಗೆಯುವುದು ಸರಿಯಲ್ಲ; ಅಗೆದ ಪದರ ಮತ್ತೆ ಸಿಗುವುದಿಲ್ಲ.

ಈ ಕಾರಣಕ್ಕೇ ಹೊಸ ಕಟ್ಟಡ ಕಟ್ಟುವವರು ನಿವೇಶನದಡಿಯ ಪುರಾತತ್ವ ಪದರಗಳಲ್ಲಿ ಶೇ. 5ಕ್ಕಿಂತ ಹೆಚ್ಚನ್ನು ಕೆಡಿಸಬಾರದು ಎಂಬ ನಿಯಮವನ್ನು ಯಾರ್ಕ್ 1990ರ ದಶಕದಿಂದ ಪಾಲಿಸಿಕೊಂಡು ಬಂದಿದೆ. ಕಟ್ಟಡದ ಭಾರ ಹೊರಲು ನೆಲದಾಳಕ್ಕೆ ಹೋಗುವ ಕಂಬಗಳನ್ನು (ಪೈಲ್) ಎಲ್ಲಿ ಇಳಿಸಬೇಕೆಂಬುದೂ ಈ ಲೆಕ್ಕದ ಮೇಲೆಯೇ ನಿಲ್ಲುತ್ತದೆ. ಆದರೆ ಅಗೆಯದಿದ್ದರೂ ಹಾನಿಯಾಗಬಹುದು. ಇಲ್ಲಿನ ಆಳದ ಮಣ್ಣು ಸದಾ ಒದ್ದೆ, ಅಲ್ಲಿ ಗಾಳಿಯಾಡುವುದಿಲ್ಲ. ಚರ್ಮ, ಮರ ಸಾವಿರ ವರ್ಷಕ್ಕೂ ಹೆಚ್ಚು ಕಾಲ ಉಳಿದದ್ದು ಅದರಿಂದಲೇ. ಪಕ್ಕದ ನೆಲಮಾಳಿಗೆಗಾಗಿ ಪಂಪ್ ಹಚ್ಚಿ ನೀರಿನ ಮಟ್ಟ ಇಳಿಸಿದರೆ, ಯಾರೂ ಮುಟ್ಟದ ಮರವೂ ಕೊಳೆಯತೊಡಗುತ್ತದೆ.